ಕುಷಾಯಿಗೂಡದ ಗಲಭೆ

ಪಾಸ್ಟರ್ ಆನಂದಕುಮಾರರು ಸುಳ್ಳು ಹೇಳುವವರಲ್ಲ. ಹೇಳಿದ್ದೆಲ್ಲ ನಿಜವೇ. ಆದರೆ ನಿಜವನ್ನು ಅವರು ಪೂರ್ತಿ ಹೇಳುತ್ತಿರಲಿಲ್ಲ, ಅಷ್ಟೆ. ಅವರ ಫಜೀತಿಯೆಲ್ಲ ಶುರುವಾದದ್ದು ಒಂದು ಕ್ರಿಕೆಟ್ ಚೆಂಡಿನಿಂದ.

ಪ್ರತ್ಯೇಕ ತೆಲಂಗಾಣದ ಹೋರಾಟ ಜೋರಾಗಿದ್ದ ವರ್ಷ ಅದು. ರಾಯಚೂರಿನ ಮಿಷನ್ನಿನವರು ಆನಂದಕುಮಾರರನ್ನು, ಹೆಂಡತಿ ಶೋಭಾ ಮತ್ತು ಮಗಳು ಪಿಂಕಿಯ ಸಮೇತ, ಸುವಾರ್ತೆ ಸಾರಲು ಹೈದರಾಬಾದಿಗೆ ಕಳಿಸಿ ಮೂರು ವರ್ಷವಾಗಿತ್ತು. ಮಿಯಾಪುರದಲ್ಲಿ ಅಪಾರ್ಟ್‌ಮೆಂಟು ಕಟ್ಟುತ್ತಿದ್ದ ನಮ್ಮ ಕಡೆಯ ಕೂಲಿ ಜನ, ಪಾಸ್ಟರರ ಮನೆಯಿದ್ದ ಕುಷಾಯಿಗೂಡದ ಸರ್ಕಾರಿ ಕಾರ್ಖಾನೆಯ ನಾಲ್ಕಾರು ಕುಟುಂಬ, ಇಷ್ಟೇ ಅವರ ಸಭೆ. ರಾಯಚೂರಿನಿಂದ ರೈಲಿನಲ್ಲಿ ಒಂದು ನಿದ್ದೆಯೂ ಪೂರ್ತಿಯಾಗದಷ್ಟು ದೂರ. ಆದರೂ ಅಲ್ಲಿಯ ಸ್ತ್ರೀ ಸಮಾಜದವರು ಪ್ರಾರ್ಥನೆಯಲ್ಲಿ ಇವರನ್ನು 'ಪರದೇಶದಲ್ಲಿ ಕಷ್ಟಪಡುವ ಸೇವಕರು' ಎಂದು ಆಫ್ರಿಕಾಕ್ಕೆ ಹೋದವರ ಜೊತೆ ಸೇರಿಸಿಬಿಟ್ಟಿದ್ದರು.

ಒಂದು ಸಂಜೆ ಮಿಷನ್ನಿನ ಜಿಲ್ಲಾ ಮೇಲ್ವಿಚಾರಕರಾದ ರೆವರೆಂಡ್ ಸತ್ಯಮಿತ್ರರು ಫೋನಿನಲ್ಲಿ ಕ್ಷೇಮ ವಿಚಾರಿಸುತ್ತಿದ್ದಾಗ ಓಣಿಯ ಹುಡುಗರು ಹೊಡೆದ ಚೆಂಡು ಬಂದು ಕಿಟಕಿಯ ಗಾಜಿಗೆ ಬಡಿಯಿತು.

"ಏನದು ಸಪ್ಪಳ?" ಎಂದರು ಸತ್ಯಮಿತ್ರರು.

"ಕಿಟಕಿ ಗಾಜು ಒಡೀತ್ರಿ."

"ಯಾರು ಒಡದ್ರು?"

"ಹುಡುಗ್ರು ರೀ. ಗುಂಪು ಕಟ್ಟಿಕೊಂಡು ಬಂದಾರ."

"ಕೈಯಾಗ ಏನರ ಐತೇನು?"

ಆನಂದಕುಮಾರರು ಕೆಳಗೆ ಬಗ್ಗಿ ನೋಡಿದರು. "ಕಟ್ಟಿಗಿ ಅದಾವ್ರಿ," ಎಂದರು. ಬ್ಯಾಟು ಕಟ್ಟಿಗೆಯದೇ ಅಲ್ಲವೇ?

ಆ ಕಡೆಯಿಂದ ಬಂದ ನಿಟ್ಟುಸಿರು ಪಾಸ್ಟರರ ತಲೆಯಲ್ಲಿ ಒಂದು ದೀಪ ಹಚ್ಚಿತು. ರಾಯಚೂರಿನ ಮಿಷನ್ ಕಂಪೌಂಡಿನ ಸಭೆಯಲ್ಲಿ ಪಾಸ್ಟರರ ಜಾಗ ಬೇಗನೇ ಖಾಲಿಯಾಗುವುದರಲ್ಲಿತ್ತು. ಅಲ್ಲಿಯ ಪಾಸ್ಟರರ ಮನೆಯಲ್ಲಿ ಅಡಿಗೆಮನೆಯ ಒಳಗೇ ನಲ್ಲಿ. ಇಲ್ಲಿ ಮೂರನೇ ಮಹಡಿ. ಟ್ಯಾಂಕರಿನ ಹಾರ್ನ್ ಕೇಳಿದ ಕೂಡಲೇ, ಪ್ರಾರ್ಥನೆ ನಡುವೆ ಇದ್ದರೂ, ಕೊಡ ಹಿಡಿದು ಓಡಬೇಕು. ಅದಕ್ಕಿಂತ ಹೆಚ್ಚಾಗಿ, ಪಿಂಕಿ ಅವರನ್ನು ಅಪ್ಪ ಎನ್ನುವುದು ಬಿಟ್ಟು ತೆಲುಗಿನಲ್ಲಿ 'ನಾನ್ನಾ' ಎನ್ನತೊಡಗಿದ್ದಳು. ನಿದ್ದೆಗಣ್ಣಿನಲ್ಲೂ ಹಾಗೆಯೇ ಕರೆದ ರಾತ್ರಿ ಆನಂದಕುಮಾರರಿಗೆ ನಿಜವಾಗಿಯೂ ಅಳು ಬಂದಿತ್ತು. ಊರಿಗೆ ವರ್ಗವಾಗಬೇಕು, ಅದೊಂದೇ ಅವರ ಆಸೆ. ಇಲ್ಲಿ ಜೀವಕ್ಕೆ ಅಪಾಯವೆಂದಾದರೆ ಮಿಷನ್ನು ತಾನಾಗಿಯೇ ಕರೆಸಿಕೊಳ್ಳುತ್ತದೆ.

ಅಂದಿನಿಂದ ಅರ್ಧ ನಿಜಗಳು ರಾಯಚೂರಿಗೆ ಹೋಗತೊಡಗಿದವು. ಮುನಿಸಿಪಾಲಿಟಿಯವರು ಸೊಳ್ಳೆಗೆ ಹೊಗೆ ಹಾಕಿದ ದಿನ, "ಓಣಿ ತುಂಬ ಹೊಗಿ, ಉಸಿರಾಡಾಕ ಆಗವಲ್ದು." ಕಾರ್ಖಾನೆಯ ಪಾಳಿ ಬದಲಾಗುವಾಗ, "ಸೈರನ್ ಹೊಡಿಯಾಕತ್ತೈತಿ, ಇಡ್ತೀನ್ರಿ." ಸ್ತ್ರೀ ಸಮಾಜದವರು ಅವರಿಗಾಗಿ ಶುಕ್ರವಾರದ ಉಪವಾಸ ಶುರುಮಾಡಿದರು. ಅದರ ಮುಂದಾಳು ಸ್ವತಃ ಶೋಭಾಳ ತಾಯಿ, ಸಕ್ಕರೆ ಕಾಯಿಲೆಯವರು.

"ನಮ್ಮವ್ವ ಉಪವಾಸ ಬಿದ್ದು ಸಾಯ್ತಾಳ. ಪೂರ್ತಿ ಹೇಳ್ರಿ ಒಮ್ಮೆ," ಎನ್ನುತ್ತಿದ್ದಳು ಶೋಭಾ. ಅವಳು ಹತ್ತಿರದ ನರ್ಸಿಂಗ್ ಹೋಮಿನಲ್ಲಿ ನರ್ಸು. ಓಣಿಯವರೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದರು.

"ವರ್ಗ ಆಗ್ಲಿ, ಪೂರ್ತಿ ಹೇಳ್ತೀನಿ," ಎನ್ನುತ್ತಿದ್ದರು ಇವರು.

ಹೀಗಿರುವಾಗ ಸತ್ಯಮಿತ್ರರೇ ಫೋನು ಮಾಡಿದರು. "ನಾಳೆ ಬರಾಕತ್ತೀನಿ. ಕಣ್ಣಾರೆ ನೋಡಬೇಕು. ನಿನ್ನ ಕೂಡ ಒಂದು ಮಾತೂ ಐತಿ."

ನಾಳೆ ಬಂದ್. ಆನಂದಕುಮಾರರು ಒಳಗೊಳಗೇ ಕುಣಿದರು. ಬಂದ್ ದಿನ ಏನಾದರೂ ಒಂದಿಷ್ಟು ಆಗದೆ ಇರುತ್ತದೆಯೇ?

ಬೆಳಿಗ್ಗೆ ಆಟೋ ಇಲ್ಲ, ಬಸ್ಸಿಲ್ಲ. ಅರವತ್ತು ದಾಟಿದ ಮೇಲ್ವಿಚಾರಕರು ಸಿಕಂದರಾಬಾದಿನಿಂದ ನಡೆದು, ಬೆವರಿ, ಬೈದುಕೊಂಡು ಬರುತ್ತಾರೆ ಎಂದು ಪಾಸ್ಟರರು ಆಸೆಯಿಂದ ಬಾಗಿಲಲ್ಲಿ ನಿಂತಿದ್ದರು. ಸತ್ಯಮಿತ್ರರು ಬಂದದ್ದು ಸ್ಕೂಟರಿನ ಹಿಂದೆ ಕೂತು, ಎದೆಗೆ 'ಜೈ ತೆಲಂಗಾಣ' ಬ್ಯಾಡ್ಜು ಚುಚ್ಚಿಸಿಕೊಂಡು, ನಗುತ್ತ. ಸ್ಕೂಟರು ಕಾಲನಿಯ ಹೋರಾಟ ಸಮಿತಿಯ ಅಧ್ಯಕ್ಷ ಯಾದಗಿರಿಯದು. ಯಾದಗಿರಿ ನಾರಾಯಣಪೇಟೆ ಕಡೆಯವನಾದ್ದರಿಂದ ಕನ್ನಡವೂ ಬರುತ್ತಿತ್ತು.

"ಸ್ಟೇಷನ್ ಹೊರಗ ದಿಕ್ಕು ತಪ್ಪಿ ನಿಂತಿದ್ದೆ. ಈ ಪುಣ್ಯಾತ್ಮ ಯಾರನ್ನೋ ಬಿಡಾಕ ಬಂದವ ಕರಕೊಂಡು ಬಂದ. ದಾರ್‍ಯಾಗ ಎರಡು ಕಡೆ ಉಪ್ಪಿಟ್ಟು ತಿನ್ನಿಸಿದ್ರು," ಎಂದರು ಸತ್ಯಮಿತ್ರರು. "ಭಾಳ ಒಳ್ಳೆ ಮಂದಿ. ಆನಂದಕುಮಾರ, ನಾ ಬಂದ ಕಾರಣ ಅಂದ್ರ..."

"ಕಾರಣ ಆಮ್ಯಾಲೆ ಹೇಳ್ರಿ ಸಾಹೇಬ್ರ. ಮೊದಲ ಇಲ್ಲಿ ಪರಿಸ್ಥಿತಿ ನೋಡ್ರಿ," ಎಂದು ಪಾಸ್ಟರರು ಅವರನ್ನು ಕೂರಲೂ ಬಿಡದೆ ಚೌರಸ್ತೆಗೆ ಹೊರಡಿಸಿದರು.

ಚೌರಸ್ತೆಯ ಕಡೆಯಿಂದ ಹೊಗೆ ಏಳುತ್ತಿತ್ತು. ಆನಂದಕುಮಾರರ ನಡಿಗೆ ಚುರುಕಾಯಿತು. "ನೋಡ್ರಿ, ನಾ ಹೇಳಿದ್ದೆನಲ್ಲ."

ಹತ್ತಿರ ಹೋದರೆ ಅದು ಒಲೆಯ ಹೊಗೆ. ಅಂದು 'ವಂಟಾ ವಾರ್ಪು', ಅಂದರೆ ರಸ್ತೆಯ ನಡುವೆ ಅಡಿಗೆ ಮಾಡಿ, ಅಲ್ಲೇ ಕೂತು ಉಂಡು, ಓಡಾಟ ನಿಲ್ಲಿಸುವ ಚಳವಳಿ. ಹಂಡೆಗಳಲ್ಲಿ ಮಸಾಲೆ ಹಾಕಿದ ಬಗಾರಾ ಅನ್ನ ಕುದಿಯುತ್ತಿತ್ತು. ಉದ್ದಕ್ಕೂ ಎಲೆ ಹಾಸಿ ಮದುವೆಯ ಪಂಕ್ತಿಯಂತೆ ಜನ ಕೂತಿದ್ದರು. ಬಂದೋಬಸ್ತಿನ ಪೊಲೀಸರು ಲಾಠಿಗಳನ್ನು ಒಂದು ಕಡೆ ಒರಗಿಸಿ ಅದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಹೆಂಗಸರು ಬತುಕಮ್ಮ ದೇವಿಯೆಂದು ಹೂವುಗಳನ್ನು ಗೋಪುರದಂತೆ ಪೇರಿಸಿಟ್ಟು ಸುತ್ತ ಚಪ್ಪಾಳೆ ತಟ್ಟಿ ಆಡುತ್ತಿದ್ದರು. ಆ ಸುತ್ತಿನಲ್ಲಿ ಪಿಂಕಿ ಇದ್ದಳು. ಹಂಡೆಯ ಪಕ್ಕದಲ್ಲಿ ಸೌಟು ಹಿಡಿದು ಶೋಭಾ ನಿಂತಿದ್ದಳು.

"ನೀ ಇಲ್ಲೇನು ಮಾಡಾಕತ್ತಿ?" ಎಂದರು ಪಾಸ್ಟರರು ಹಲ್ಲು ಕಚ್ಚಿ.

"ಕರದ್ರು, ಬಂದೆ. ಸಾಹೇಬ್ರ, ಕೂಡ್ರಿ. ಬದನೀಕಾಯಿ ನಾನೇ ಮಾಡೀನಿ," ಎಂದಳು ಶೋಭಾ.

ಸತ್ಯಮಿತ್ರರು ಪೊಲೀಸ್ ಪೇದೆಯ ಪಕ್ಕದಲ್ಲಿ ಕೂತು ಎರಡು ಸಲ ಬಡಿಸಿಕೊಂಡು ಉಂಡರು. "ಪ್ರಭು ಐದು ಸಾವಿರ ಮಂದಿಗೆ ಉಣಿಸಿದ್ದು ಬೈಬಲಿನಾಗ ಓದೀವಿ. ಇಂದು ನೋಡಿದೆ," ಎಂದು ಕಣ್ಣೊರೆಸಿಕೊಂಡರು. ಅದು ಭಕ್ತಿಯೋ ಬದನೆಕಾಯಿಯ ಖಾರವೋ ಪಾಸ್ಟರರಿಗೆ ತಿಳಿಯಲಿಲ್ಲ.

ಆನಂದಕುಮಾರರು ಸೋಲೊಪ್ಪದೆ ಅವರನ್ನು ಬಸ್ ನಿಲ್ದಾಣಕ್ಕೆ ಕರೆದೊಯ್ದರು. ಅಲ್ಲಿ ನಡುರಸ್ತೆಯಲ್ಲಿ ಕಬಡ್ಡಿ ನಡೆದಿತ್ತು. ಪಕ್ಕದಲ್ಲಿ ಕ್ಷೌರಿಕರ ಸಂಘದವರು ರಸ್ತೆಗೇ ಕುರ್ಚಿ ತಂದಿಟ್ಟು, ಪ್ರತಿಭಟನೆಯೆಂದು ದಾರಿಹೋಕರಿಗೆ ಪುಕ್ಕಟೆ ಗಡ್ಡ ಹೆರೆಯುತ್ತಿದ್ದರು. ರಾತ್ರಿಯ ಪ್ರಯಾಣದಿಂದ ಮೇಲ್ವಿಚಾರಕರ ಗಡ್ಡ ಬೆಳೆದಿತ್ತು. ಅವರೂ ಕೂತರು.

"ಆನಂದಕುಮಾರ," ಎಂದರು ನೊರೆಯ ಒಳಗಿನಿಂದ, "ನಾ ಬಂದ ಕಾರಣ ಏನಂದ್ರ..."

"ಮಾತಾಡಬ್ಯಾಡ್ರಿ ಸಾಹೇಬ್ರ, ಕತ್ತಿ ತಾಗೀತು," ಎಂದರು ಪಾಸ್ಟರರು. ಅವರಿಗೆ ಕಾರಣ ಗೊತ್ತೇ ಇತ್ತು. ಮೂರು ತಿಂಗಳ ಫೋನುಗಳಿಗೆ ಲೆಕ್ಕ ಕೇಳಲು ಬಂದಿದ್ದಾರೆ. ಸಂಜೆಯೊಳಗೆ ಒಂದಿಷ್ಟಾದರೂ ಗಲಭೆ ತೋರಿಸದಿದ್ದರೆ ವರ್ಗವಿರಲಿ, ಮಾನವೂ ಉಳಿಯುವುದಿಲ್ಲ.

ಮಧ್ಯಾಹ್ನ ಸತ್ಯಮಿತ್ರರು ಹೊಟ್ಟೆಯ ಭಾರಕ್ಕೆ ಮನೆಗೆ ಬಂದು ಮಲಗಿದರು. ಪಾಸ್ಟರರು ಕೆಳಗಿಳಿದು ಯಾದಗಿರಿಯನ್ನು ಬದಿಗೆ ಕರೆದರು.

"ಯಾದಗಿರಿ ಅಣ್ಣ, ಒಂದು ಉಪಕಾರ ಆಗಬೇಕ್ರಿ. ನಮ್ಮ ಮನಿ ಮುಂದ ಒಂದೀಟು ಜೋರು ಘೋಷಣೆ ಕೂಗಸ್ರಿ. ಒಂದೆರಡು ಕಲ್ಲು ಹೊಡದ್ರೂ ನಡೀತೈತಿ. ಗಾಜು ಹೆಂಗೂ ಒಡದೈತಿ."

ಯಾದಗಿರಿ ಅವರನ್ನು ಮೇಲಿಂದ ಕೆಳಗೆ ನೋಡಿದ. "ಪಾಸ್ಟರ್ ಸಾಬ್, ನೀವು ಹೇಳೋ ಮಾತೇನ್ರಿ ಇದು? ನಮ್ಮದು ಶಾಂತಿ ಹೋರಾಟ. ನಿಮ್ಮ ಪುಸ್ತಕದಾಗ ಒಂದು ಕೆನ್ನಿಗೆ ಹೊಡದ್ರ ಇನ್ನೊಂದು ತೋರಸು ಅಂತ ಬರದಾರಂತ ನೀವೇ ಹೇಳಿದ್ರಿ. ನಾ ಅದನ್ನ ಮೀಟಿಂಗಿನಾಗ ಎಲ್ಲರಿಗೂ ಹೇಳೀನಿ."

ತಮ್ಮ ಉಪದೇಶವನ್ನು ಯಾರಾದರೂ ಇಷ್ಟು ಗಮನವಿಟ್ಟು ಕೇಳಿದ್ದು ಆನಂದಕುಮಾರರ ಸೇವಾ ಜೀವನದಲ್ಲಿ ಅದೇ ಮೊದಲು. ಆದರೆ ಸಂತೋಷಪಡುವ ಹೊತ್ತು ಅದಾಗಿರಲಿಲ್ಲ.

ಸಹಾಯಕ್ಕೆ ಬಂದವನು ಕೆಳಮನೆಯ ಲಿಂಗಣ್ಣ. ಕೊಪ್ಪಳದವನು, ಕಾರ್ಖಾನೆಯ ಫಿಟ್ಟರು. ಊರವರ ಕಷ್ಟವೆಂದರೆ ಕರೆಯದೆಯೇ ಬರುವ ಮನುಷ್ಯ. ಅವನು ಬಂದ ಮೇಲೆ ಕಷ್ಟ ಎರಡಾಗುತ್ತಿತ್ತು.

"ಮಂದಿ ಯಾಕ ಬೇಕ್ರಿ ಪಾಸ್ಟರ? ಟಿವಿಯಾಗ ತೋರಸೋದು ಬರೇ ಒಂದು ಟೈರು. ನನ್ನ ಸ್ಕೂಟರಿಂದು ಹಳೇದು ಬಿದ್ದೈತಿ. ಹಿತ್ತಲ ಖಾಲಿ ಜಾಗದಾಗ ಹಚ್ಚೂಣು. ಕರ್‍ರಗ ಹೊಗಿ ಏಳತೈತಿ. ಸಾಹೇಬ್ರನ್ನ ಎಬ್ಬಿಸಿ ಕಿಟಕ್ಯಾಗಿಂದ ತೋರಸ್ರಿ."

"ಅದು ಮೋಸ ಆಗೂದಿಲ್ಲೇನು?"

"ನೀವೇನರ ಬಾಯಿಬಿಟ್ಟು ಹೇಳತೀರೇನು? ಅವರೇ ನೋಡಿಕೋತಾರ."

ಬಾಯಿಬಿಟ್ಟು ಹೇಳದಿದ್ದರೆ ಸುಳ್ಳಲ್ಲ ಎಂಬ ತತ್ವ ಪಾಸ್ಟರರದೇ ಆಗಿತ್ತು. ಲಿಂಗಣ್ಣ ಸೀಮೆಎಣ್ಣೆ ಸುರಿದ. ಕಡ್ಡಿ ಗೀರಲು ಮಾತ್ರ ಒಲ್ಲೆನೆಂದ. ತನ್ನದು ಸರ್ಕಾರಿ ನೌಕರಿ ಎಂದ. ಆನಂದಕುಮಾರರೇ ಗೀರಿದರು.

ಟೈರು ಹೊತ್ತಿಕೊಂಡಿತು. ಹೊಗೆ ಲಿಂಗಣ್ಣ ಹೇಳಿದ್ದಕ್ಕಿಂತ ಕಪ್ಪಾಗಿಯೇ ಎದ್ದಿತು. ಆದರೆ ಕಿಟಕಿಯ ಕಡೆ ಹೋಗಲಿಲ್ಲ. ಗಾಳಿ ತಿರುಗಿ, ತಂತಿಯ ಮೇಲೆ ಒಣಗಲು ಹಾಕಿದ್ದ ಇಡೀ ಕಾಲನಿಯ ಬಟ್ಟೆಗಳ ಮೇಲೆ ಹಾಯಿತು. ಹೆಂಗಸರು ಬೊಬ್ಬೆ ಹಾಕಿದರು. ಒಬ್ಬಾಕೆ ಬಿಂದಿಗೆ ನೀರು ತಂದು ಟೈರಿಗೆ ಎಸೆದಳು. ಅದು ಪಾಸ್ಟರರ ಮೇಲೆ ಬಿತ್ತು. ಬೆಳಗಿನಿಂದ ಉಂಡು ಕೂತು ಬೇಸತ್ತಿದ್ದ ಪೊಲೀಸರು ಎರಡು ಜೀಪಿನಲ್ಲಿ ಬಂದರು. ಲಿಂಗಣ್ಣ ಯಾವ ಮಾಯದಲ್ಲೋ ಮನೆ ಸೇರಿ ಬಾಗಿಲು ಹಾಕಿಕೊಂಡಿದ್ದ. ಅಲ್ಲಿ ನಿಂತಿದ್ದವರು ಮಸಿ ಮುಖದ, ತೊಯ್ದ ಅಂಗಿಯ, ಕೈಯಲ್ಲಿ ಕಡ್ಡಿಪೆಟ್ಟಿಗೆ ಹಿಡಿದ ಆನಂದಕುಮಾರರು ಒಬ್ಬರೇ.

ಠಾಣೆಯಲ್ಲಿ ಇನ್‌ಸ್ಪೆಕ್ಟರು ಹಿಂದಿಯಲ್ಲಿ ಕೇಳಿದರು, ಬೆಂಕಿ ಹಚ್ಚಿದ್ದು ಯಾರು?

"ಮೈನೇ ಲಗಾಯಾ. ಲೇಕಿನ್..." ಎಂದು ಪಾಸ್ಟರರು ಉಳಿದರ್ಧ ಹೇಳಲು ಹೊರಟರು.

"ಬಸ್," ಎಂದರು ಇನ್‌ಸ್ಪೆಕ್ಟರು. ಅವರಿಗೆ ಅರ್ಧವೇ ಸಾಕಾಗಿತ್ತು.

ಅಷ್ಟರಲ್ಲಿ ಶೋಭಾ, ಸತ್ಯಮಿತ್ರರು, ಅವರ ಹಿಂದೆ ಕಾಲನಿಯವರೆಲ್ಲ ಬಂದರು. ಶೋಭಾ ಗಂಡನ ಮುಖ ನೋಡಿ ಸೆರಗಿನಿಂದ ಮಸಿ ಒರೆಸಿದಳು. ಬೈದಿದ್ದರೆ ಅವರಿಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

"ಸಾಹೇಬ್ರ, ತಪ್ಪಾತು. ಇಲ್ಲಿ ಗಲಭೆ ಗಿಲಭೆ ಏನೂ ಇಲ್ರಿ. ಕಿಟಕಿ ಒಡದದ್ದು ಕ್ರಿಕೆಟ್ ಚೆಂಡು, ಹೊಗಿ ಸೊಳ್ಳಿಗೆ ಹಾಕಿದ್ದು. ವರ್ಗ ಬೇಕಾಗಿತ್ರಿ, ಅದಕ್ಕ," ಎಂದು ಆನಂದಕುಮಾರರು ಒಂದೇ ಉಸಿರಿಗೆ ಎಲ್ಲ ಒಪ್ಪಿಕೊಂಡರು.

ಸತ್ಯಮಿತ್ರರು ಬೆಂಚಿನ ಮೇಲೆ ಕೂತರು. ಹೊಸದಾಗಿ ಹೆರೆದ ಗಲ್ಲವನ್ನು ನಿಧಾನವಾಗಿ ಸವರಿಕೊಂಡರು.

"ಬೆಳಿಗ್ಗಿಂದ ಅದನ್ನ ಹೇಳಾಕ ಬಾಯಿ ತಗದೀನಿ, ನೀ ಬಿಡವಲ್ಲಿ," ಎಂದರು. "ರಾಯಚೂರು ಸಭೆ ನಿನಗಂತ ಕಮಿಟಿಯವರು ಹೋದ ತಿಂಗಳ ತೀರ್ಮಾನ ಮಾಡ್ಯಾರ. ಗಲಭೆ ಸಲುವಾಗಿ ಅಲ್ಲೋ, ಮೂರು ವರ್ಷ ಮುಗೀತಂತ. ಹೊಸಾ ಪಾಸ್ಟರಗ ಈ ಮಂದಿನ್ನ ಹೆಂಗ ಒಪ್ಪಸೂದು ಅಂತ ನೋಡಾಕ ಬಂದಿದ್ದೆ. ಸಾಮಾನು ಒಯ್ಯಾಕ ನಾಳೆ ಲಾರಿ ಬರಾಕ ಹೇಳೀನಿ."

ಆನಂದಕುಮಾರರ ಕಣ್ಣ ಮುಂದೆ ಅಡಿಗೆಮನೆಯ ನಲ್ಲಿ ಧಾರಾಳವಾಗಿ ಹರಿಯಿತು. "ಹಂಗಾರ ನಾಳೆ..."

"ನಾಳೆ ಎಲ್ಲಿಗೆ?" ಎಂದರು ಇನ್‌ಸ್ಪೆಕ್ಟರು. ರಾಯಚೂರು, ಲಾರಿ ಎಂಬೆರಡು ಮಾತು ಅವರಿಗೂ ತಿಳಿದಿದ್ದವು. ಕೇಸು ಮುಗಿಯುವ ತನಕ ಊರು ಬಿಡುವ ಹಾಗಿಲ್ಲ, ವಾರಕ್ಕೊಮ್ಮೆ ಠಾಣೆಗೆ ಬಂದು ಸಹಿ ಹಾಕಬೇಕು ಎಂದು ವಿವರಿಸಿದರು. ಕೇಸು ಯಾವಾಗ ಮುಗಿದೀತು ಎಂದು ಆನಂದಕುಮಾರರು ಕೇಳಿದ್ದಕ್ಕೆ ಹಳೆಯ ಪೇದೆಯೊಬ್ಬ ಮಾತ್ರ ನಕ್ಕ.

"ರಾಯಚೂರಿನವ್ರು ಕಾಯೂದಿಲ್ಲ. ಮಾನ್ವಿ ಸಭೆ ಪಾಸ್ಟರ್ ನಿಶಾಂತನ್ನ ಅಲ್ಲಿಗೆ ಹಾಕ್ತೀನಿ," ಎಂದು ಎದ್ದರು ಸತ್ಯಮಿತ್ರರು. ಹೊರಗೆ ಹೋಗುತ್ತ ತಿರುಗಿ ನಿಂತು, "ಇಡೀ ಕುಷಾಯಿಗೂಡದಾಗ ಗಲಭೆ ಮಾಡಾವ ಒಬ್ಬನ ಒಬ್ಬ. ಅವನೂ ನಮ್ಮವನ," ಎಂದರು.

ಹೊರಗೆ ಯಾದಗಿರಿ ಚೆಂಡುಹೂವಿನ ಹಾರ ಹಿಡಿದು ಕಾಯುತ್ತಿದ್ದ. ಜಾಮೀನಿಗೆ ಸಹಿ ಹಾಕಿದವನೂ ಅವನೇ. "ಬೆಂಕಿ ಹಚ್ಚಿದ್ದು ತಪ್ಪು ಅಂತ ನಾಳೆ ಮೀಟಿಂಗಿನಾಗ ಬೈತೀನಿ. ಆದ್ರ ಎರಡು ವರ್ಷ ಹೋರಾಡಿದ್ರೂ ನನ್ನ ಮ್ಯಾಲೆ ಒಂದು ಕೇಸಿಲ್ಲ. ನಮ್ಮ ಕಾಲನಿಯಿಂದ ಮೊದಲ ಕೇಸು ನಿಮ್ಮದು," ಎಂದು ಅಸೂಯೆ ಮುಚ್ಚಿಟ್ಟುಕೊಳ್ಳದೆ ಹಾರ ಹಾಕಿದ. ಪಿಂಕಿ ಎಲ್ಲರಿಗಿಂತ ಜೋರಾಗಿ "ಮಾ ನಾನ್ನಾ", ನಮ್ಮಪ್ಪ, ಎಂದು ಕೂಗಿದಳು.

ಮನೆ ಮುಟ್ಟುವಷ್ಟರಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಅತ್ತೆ. ಟಿವಿಯ ಕೆಳಗಿನ ಸಾಲಿನಲ್ಲಿ ಹೈದರಾಬಾದಿನಲ್ಲಿ ಕನ್ನಡದ ಪಾಸ್ಟರ್ ಬಂಧನ ಎಂದು ಓಡಿತ್ತಂತೆ.

"ಅಳಿಯಂದ್ರ, ಪೊಲೀಸ್ರು ಒಯ್ದಿದ್ರಂತ?"

ಆನಂದಕುಮಾರರು ಶೋಭಾಳ ಮುಖ ನೋಡಿದರು. ಪೂರ್ತಿ ಹೇಳಿಬಿಡುವುದೆಂದು ಗಟ್ಟಿ ಮನಸ್ಸು ಮಾಡಿದರು. "ಹೌದ್ರಿ ಅತ್ತಿ. ಟೈರಿಗೆ ಬೆಂಕಿ ಹಚ್ಚಿದವ ನಾನ. ಇಲ್ಲಿ ಯಾರೂ ನಮಗ ತ್ರಾಸು ಕೊಟ್ಟಿಲ್ಲ. ಕಲ್ಲೂ ಬಿದ್ದಿಲ್ಲ. ಎಲ್ಲಾರೂ ಭಾಳ ಒಳ್ಳೆಯವ್ರು. ನೀವು ಉಪವಾಸ ಬಿಡ್ರಿ."

ಆ ಕಡೆಯಿಂದ ಅತ್ತೆಯ ದನಿ ಅಳುವಿನಲ್ಲಿ ಬಂತು. "ಹಂಗ ಹೇಳು ಅಂತ ಹೊಡದು ಹೇಳಸಾಕತ್ತಾರೇನ್ರಿ? ಬಾಜೂಕ ನಿಂತಾರೇನು? ಹೂಂ ಅನಬ್ಯಾಡ್ರಿ, ಸುಮ್ಮನಿರ್‍ರಿ, ನನಗ ತಿಳೀತೈತಿ."

"ಅತ್ತಿ, ನಾ ಹೇಳೂದು ಪೂರ್ತಿ..."

"ಶುಕ್ರವಾರ ಒಂದು ಸಾಲೂದಿಲ್ಲ. ಬುಧವಾರನೂ ಹಿಡೀತೀವಿ," ಎಂದು ಅತ್ತೆ ಫೋನಿಟ್ಟರು.

ಬಂದ್ ಮುಗಿದಿತ್ತು. ಕೆಳಗೆ ಓಣಿಯಲ್ಲಿ ಟ್ಯಾಂಕರಿನ ಹಾರ್ನ್ ಕೇಳಿಸಿತು. ಶೋಭಾ ಎರಡು ಕೊಡ ತಂದು ಗಂಡನ ಕೈಗೆ ಕೊಟ್ಟಳು. ಆನಂದಕುಮಾರರು ಕೊರಳ ಹಾರವನ್ನೂ ತೆಗೆಯದೆ ಮೂರು ಮಹಡಿ ಇಳಿದು ಸಾಲಿನಲ್ಲಿ ನಿಂತರು.