ಝುಣಕದ ಕೆಳಗೆ ವಿಜ್ಞಾನ

ವಿಜ್ಞಾನಿಗಳು ಜಗತ್ತಿನ ಯಾವ ಮೂಲೆಯಲ್ಲಿ ಏನನ್ನೇ ಕಂಡುಹಿಡಿಯಲಿ, ಮರುದಿನ ಜಗಳ ಆಗುವುದು ಮಾತ್ರ ಬೆಳಗಾವಿಯ ಉದ್ಯಮಬಾಗದ ನನ್ನ ಖಾನಾವಳಿಯಲ್ಲಿ. ಹಿಂದೆಯೂ ಆಗಿದೆ, ಮೊನ್ನೆಯೂ ಆಗಿದೆ. ನಾನು ಖಡು, ಅಂದರೆ ಸೀಮೆಸುಣ್ಣ, ಕೆಳಗಿಡುವ ತನಕ ಆಗುತ್ತಲೇ ಇರುತ್ತದೆ. ಇಡುವವಳು ನಾನಲ್ಲ.

ನನ್ನ ಖಾನಾವಳಿಯ ಬಾಗಿಲ ಪಕ್ಕ ಒಂದು ಕರಿ ಹಲಗೆ ತೂಗುಹಾಕಿದ್ದೇನೆ. ಮೇಲಿನ ಅರ್ಧದಲ್ಲಿ ಅವತ್ತಿನ ಊಟ. ಕೆಳಗಿನ ಅರ್ಧದಲ್ಲಿ ಅವತ್ತಿನ ಪತ್ರಿಕೆಯಿಂದ ಆರಿಸಿದ ಒಂದು ವಿಜ್ಞಾನದ ಸುದ್ದಿ. ನಮ್ಮೂರು ಪಾರಿಶ್ವಾಡದಲ್ಲಿ ಎಮ್ಮೆ ಕಾಯಲೆಂದು ನನ್ನನ್ನು ಸಾಲಿ ಬಿಡಿಸಿದಾಗ ನನಗೆ ನೆಟ್ಟಗೆ ಅಕ್ಷರ ಕೂಡಿಸಲು ಬರುತ್ತಿರಲಿಲ್ಲ. ಓದಲು ಕಲಿತದ್ದು ಮುಂದೆ, ಕಿರಾಣಿ ಅಂಗಡಿಯ ಪುಡಿಕೆ ಕಾಗದದಿಂದ. ಬೇಳೆ ಡಬ್ಬಿಗೆ ಸುರಿದು, ಕಾಗದ ಗೋಡೆಗೆ ಅಂಟಿಸಿ, ರೊಟ್ಟಿ ಬಡಿಯುತ್ತ ಓದುತ್ತಿದ್ದೆ. ಅರ್ಧ ಸುದ್ದಿ ನನ್ನ ಪುಡಿಕೆಯಲ್ಲಿ, ಉಳಿದರ್ಧ ಯಾರ ಮನೆಯ ಸಕ್ಕರೆಯ ಜೊತೆ ಹೋಯಿತೋ! ಅದಕ್ಕೇ ಈಗ ಒಂದು ಸುದ್ದಿ ಪೂರ್ತಿ ಸಿಕ್ಕಿತೆಂದರೆ ನಾಲ್ಕು ಜನರಿಗೆ ಹೇಳದೆ ನನಗೆ ಸಮಾಧಾನವಿಲ್ಲ.

ಇದನ್ನು ಸಹಿಸದವರಲ್ಲಿ ಮೊದಲಿಗರು ಕಟ್ಟಡದ ಮಾಲೀಕರು. ಎಲ್ಲರೂ ಅವರನ್ನು ಸಾವಕಾರರು ಎನ್ನುತ್ತಾರೆ. "ಅಕ್ಕಾರ, ಖಾನಾವಳಿ ಹಲಗಿ ಮ್ಯಾಲ ಖಾನಾವಳಿದಷ್ಟ ಬರೀರಿ. ಲೋಕದ್ದೆಲ್ಲಾ ಯಾಕ ಬೇಕು ನಿಮಗ?" ಎಂದು ಅವರದು ಒಂದೇ ರಾಗ. ಆ ಹಲಗೆ ಉಳಿಯುತ್ತದೋ ಇಳಿಯುತ್ತದೋ ಎನ್ನುವ ತನಕ ಮಾತು ಬೆಳೆಯಿತು. ಹೇಗೆ ಬೆಳೆಯಿತು ಹೇಳುತ್ತೇನೆ.

ಚಂದ್ರನ ನೀರು

ಒಂದು ಬೇಸಿಗೆಯಲ್ಲಿ "ಚಂದ್ರನ ಮೇಲೆ ನೀರು ಇರುವುದು ಖಚಿತ" ಎಂದು ಬರೆದೆ. ಅದೇ ವಾರ ನಮ್ಮ ಕಡೆ ನಳದಲ್ಲಿ ಹನಿ ನೀರು ಬಂದಿರಲಿಲ್ಲ. ಅದು ನನ್ನ ತಪ್ಪೇ?

ಪೀರನವಾಡಿಯಿಂದ ಬರುವ ಲೇಥ್ ಕೆಲಸಗಾರನೊಬ್ಬ ಓದಿದವನೇ ಒಳಗೆ ಬಂದು ತಾಟು ಸರಿಸಿದ.

"ಅಕ್ಕಾರ, ಇದನ್ನ ನಮ್ಮ ಹೊಟ್ಟಿ ಉರಸಾಕ ಬರದೀರೇನು? ಚಂದ್ರಗ ನಳಾ ಬಂತು, ಪೀರನವಾಡಿಗೆ ಬರಲಿಲ್ಲ!"

"ನಳಾ ಅಲ್ಲೋ ತಮ್ಮಾ. ಮಣ್ಣಾಗ ಬರ್ಫ ಆಗಿ ಕುಂತೈತಿ. ಐತಿ ಅಂತ ಗೊತ್ತೈತಿ, ಕೈಗೆ ಯಾವಾಗ ಸಿಗ್ತದೋ ಗೊತ್ತಿಲ್ಲ."

"ಹಂಗಂದ್ರ ಖರೇ ನಮ್ಮ ನಳದಂಗ ಐತಿ ಬಿಡ್ರಿ."

ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ಎಷ್ಟು ಜನ ಎಷ್ಟು ವರ್ಷ ತಲೆ ಕೆಡಿಸಿಕೊಂಡು ಕಂಡುಹಿಡಿದದ್ದನ್ನು ಇವರು ಒಂದು ತುತ್ತಿನಲ್ಲಿ ನುಂಗಿ ನೀರು ಕುಡಿದರು. ಅಷ್ಟರಲ್ಲಿ ನಮ್ಮ ಭಾಗಕ್ಕೆ ನೀರು ಬಿಡುವ ಮನುಷ್ಯನೇ ಊಟಕ್ಕೆ ಬಂದ. ಅವನು ಕೂರುವುದೇ ತಡ, "ಬರ್ರಿ, ಬರ್ರಿ! ಚಂದ್ರಲೋಕಕ್ಕ ನೀರು ಬಿಟ್ಟು ಬಂದ್ರೇನು?" ಎಂದು ನಾಲ್ಕೂ ಕಡೆಯಿಂದ ಮುತ್ತಿದರು. ಅವನು ಬಾಯಿಗೆ ಒಯ್ದ ರೊಟ್ಟಿ ಹಾಗೇ ಇಟ್ಟು ನನ್ನ ಮೇಲೆ ಹಾಯ್ದ.

"ಅಕ್ಕಾರ, ನೀವು ಹಿಂಗ ಬರದ್ರ ನಮ್ಮ ಸಾಹೇಬರು ನನ್ನ ಅಲ್ಲಿಗೇ ವರ್ಗಾ ಮಾಡ್ತಾರ!"

"ಮಾಡ್ಲಿ! ನನಗೇನು? ಅಲ್ಲಿ ಗಾಳಿ ಇಲ್ಲ, ಗಿಡ ಇಲ್ಲ, ಒಂದು ನರಪಿಳ್ಳಿ ಇಲ್ಲ," ಎಂದು ನಾನೂ ಕೂಗಿದೆ.

ಅವನು ಇಟ್ಟ ರೊಟ್ಟಿಯನ್ನು ಮತ್ತೆ ಕೈಗೆತ್ತಿಕೊಂಡ.

"ಮಂದಿ ಇಲ್ಲೇನ್ರಿ?"

"ಇಲ್ಲ."

"ಫೋನೂ ಹತ್ತಂಗಿಲ್ಲ?"

"ಹತ್ತಂಗಿಲ್ಲ."

"ಹಂಗಾರ ವರ್ಗಾದ ಅರ್ಜಿ ಯಾರ ಕಡೆ ಕೊಡಬೇಕ್ರಿ?"

ಹಲಗೆಯ ಕೋಳಿ

ನಮ್ಮದು ಶುದ್ಧ ಶಾಕಾಹಾರಿ ಖಾನಾವಳಿ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ ಇರುವ ಹಿರಿಯ ವ್ಯಾಪಾರಿಯೊಬ್ಬರು ನನ್ನ ಕೈ ರೊಟ್ಟಿಯನ್ನು ನಂಬಿ ದಿನಾ ಬರುತ್ತಿದ್ದರು. ಅವತ್ತು ಹಲಗೆಯ ಮೇಲೆ ಎಣ್ಣೆಗಾಯಿ, ಝುಣಕ, ಮೊಸರು ಎಂದು ಬರೆದು, ಕೆಳಗೆ "ಕೋಳಿಯನ್ನು ಕೊಲ್ಲದೆ ಪ್ರಯೋಗಾಲಯದಲ್ಲಿ ಕೋಳಿ ಮಾಂಸ ತಯಾರು" ಎಂದು ಬರೆದಿದ್ದೆ. ನಡುವೆ ಗೆರೆ ಎಳೆದಿದ್ದೆ. ಗಾಡಿ ನಿಲ್ಲಿಸುವಾಗ ಯಾವನೋ ಹಲಗೆಗೆ ಭುಜ ತಿಕ್ಕಿ ಗೆರೆಯನ್ನು ಅಂಗಿಯ ಮೇಲೆ ಒಯ್ದಿದ್ದ.

ಹಿರಿಯರು ಎಣ್ಣೆಗಾಯಿ ಓದಿದರು. ಝುಣಕ ಓದಿದರು. ಮೊಸರು ಓದಿದರು. ಕೋಳಿ ಓದಿದರು. ಹಿಂದಿರುಗಿ ನಡೆದೇಬಿಟ್ಟರು. ನಾನು ಹಿಟ್ಟಿನ ಕೈಯಲ್ಲೇ ರಸ್ತೆಗೆ ಓಡಿದೆ.

"ಅಪ್ಪಾರ, ನಿಲ್ರಿ! ಅದು ಊಟ ಅಲ್ರಿ, ಸುದ್ದಿ!"

"ಸುದ್ದಿನ ಅಂತ ತಿಳಕೊಂಡೀನೆವಾ. ಇವತ್ತ ಸುದ್ದಿ, ನಾಳೆ ಪಲ್ಯಾ. ನಾಡದ ಅದನ್ನ ಉಣ್ಣಾಕ ಹಾಕ್ತಿ."

ಹಾಗೆಂದು ಹೋದವರು ಮತ್ತೆ ಬರಲು ತಿಂಗಳು ಹಿಡಿಯಿತು. ಸುದ್ದಿ ಮಾತ್ರ ಅವರಿಗಿಂತ ಜೋರಾಗಿ ನಡೆಯಿತು. ಆ ರವಿವಾರ ಖಾನಾಪುರದಲ್ಲಿ ನನ್ನ ತಂಗಿಯ ಬಸುರಿ ಮಗಳ ಕುಬಸ. ಬಸ್ಸು ಇಳಿದು ನಾನು ಅವರ ಮನೆ ಮುಟ್ಟುವ ಮೊದಲೇ ನನ್ನ ಕೋಳಿ ಮುಟ್ಟಿತ್ತು. ಉಡಿ ತುಂಬಲು ಕೂತ ಹೆಂಗಸರು ನನ್ನನ್ನು ಕಂಡು ಸೀರೆಯ ಸೆರಗು ಒಳಗೆ ಎಳೆದುಕೊಂಡರು.

"ಅಕ್ಕಾ, ಬೆಳಗಾವ್ಯಾಗ ಕೋಳಿ ಮಾಡಾಕತ್ತಿಯಂತ?" ಎಂದಳು ನನ್ನ ತಂಗಿ. ಹೆತ್ತವ್ವನ ಮಗಳು ಕೇಳುವ ಮಾತೇ ಇದು!

ಅಲ್ಲೇ ನಿಂತು ಎಲ್ಲರಿಗೂ ಬಿಡಿಸಿ ಹೇಳಿದೆ. ಕೋಳಿಯ ಮೈಯ ಒಂದು ಕಣವನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸುತ್ತಾರೆ, ಯಾರೂ ಯಾವ ಜೀವವನ್ನೂ ಕೊಯ್ಯುವುದಿಲ್ಲ, ಇದು ನನ್ನ ಒಲೆಯ ಮೇಲೆ ಆದದ್ದಲ್ಲ, ಪರದೇಶದಲ್ಲಿ ಆದದ್ದು ಎಂದೆ. ಹೆಂಗಸರು ಮತ್ತೆ ಉಡಿ ತುಂಬತೊಡಗಿದರು. ಪಕ್ಕದ ಮನೆಯ ಮರಾಠಿ ಮಾವಶಿ ಮಾತ್ರ ನನ್ನ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು. ಒಬ್ಬಳಾದರೂ ತಿಳಿದುಕೊಂಡಳಲ್ಲ ಎಂದು ನನಗೆ ಕಣ್ಣು ತುಂಬಿದವು.

ಮಾವಶಿ ಕಿವಿಯಲ್ಲಿ ಕೇಳಿದಳು: "ಅಗ ಬಾಯಿ, ಜೀವಾ ತಗದಿಲ್ಲ ಅಂದ್ರ, ಸೋಮವಾರನೂ ತಿಂದ್ರ ನಡೀತೈತಿ?"

ಬೆಳಗಾವಿಗೆ ಬಂದರೆ ಸಾವಕಾರರು ಬಾಗಿಲಲ್ಲೇ ನಿಂತಿದ್ದರು. "ಇನ್ನೊಂದ ಸಲ ಗದ್ದಲ ಆದ್ರ ಹಲಗಿ ಇಳಸ್ತೀನಿ. ಗ್ವಾಡಿ ನಂದು, ಮೊಳಿ ನಂದು."

"ಹಲಗಿ ನಂದು!" ಎಂದೆ.

"ಹಲಗಿ ಒಯ್ಯಿರಿ. ಮೊಳಿ ಬಿಡ್ರಿ," ಎಂದರು.

ರೊಟ್ಟಿಯ ಸಪ್ಪಳ

"ಕೃತಕ ಬುದ್ಧಿಯಿಂದ ಅನೇಕ ಕೆಲಸಗಳು ಯಂತ್ರದ ಪಾಲು" ಎಂದು ಬರೆದ ದಿನ ನನ್ನಲ್ಲಿ ರೊಟ್ಟಿ ಬಡಿಯುವ ಕೆಲಸದ ಹೆಣ್ಣುಮಕ್ಕಳು ಕೈ ತೊಳೆದುಕೊಂಡು ಹೊರಗೆ ಬಂದರು. ಅವರಲ್ಲಿ ಹಿರಿಯಳು ಸೊಂಟದ ಮೇಲೆ ಕೈಯಿಟ್ಟು ಕೇಳಿದಳು.

"ಅಕ್ಕಾ, ಅದು ಮುಂಜಾನಿ ಎಷ್ಟಕ್ಕ ಬರ್ತದ?"

"ಯಾವುದ?"

"ಆ ಬುದ್ಧಿ. ಬಂದು ಹಿಟ್ಟ ನಾದಿಟ್ಟಿರ್ಲಿ. ನಾವು ಆರಾಮ ಚಾ ಕುಡದ ಬರ್ತೀವಿ."

ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ನನ್ನ ಹಲಗೆಯನ್ನು ಓದಿ ಬುದ್ಧಿ ಬಂದದ್ದು ಸಾವಕಾರರಿಗೆ. ಕೆಲವೇ ದಿನಗಳಲ್ಲಿ ರೊಟ್ಟಿ ಮಿಶನ್ ಮಾರುವವನೊಬ್ಬನನ್ನು ಕರೆದುಕೊಂಡು ಬಂದರು. ಎರಡು ಉರುಳೆ, ಒಂದು ಮೋಟರು, ಒಂದು ಕೆಂಪು ದೀಪ. ಅದಕ್ಕೆ ಅವನು, "ಇದರಾಗ ಪೂರಾ ಕೃತಕ ಬುದ್ಧಿ ಐತ್ರಿ ಮೇಡಮ್," ಎಂದ. ಎಲ್ಲಿದೆ ತೋರಿಸು ಎಂದೆ. ಕೆಂಪು ದೀಪ ತೋರಿಸಿದ.

ಊಟದ ಹೊತ್ತಿಗೆ ಮಿಶನ್ ಶುರುವಾಯಿತು. ರೊಟ್ಟಿ ಗುಂಡಗೆ ಬಂತು, ನಾನು ಇಲ್ಲ ಎನ್ನುವುದಿಲ್ಲ. ಆದರೆ ಜನ ಬಾಗಿಲ ತನಕ ಬಂದು, ಕಿವಿಗೊಟ್ಟು, "ಇವತ್ತ ಬಿಸಿ ರೊಟ್ಟಿ ಇಲ್ಲೇನ್ರಿ?" ಎಂದು ತಿರುಗಿ ಎದುರಿನ ಖಾನಾವಳಿಗೆ ನಡೆದರು. ನಮ್ಮ ಕಡೆ ಉಣ್ಣುವವರು ಕಣ್ಣಿನಿಂದ ಖಾನಾವಳಿ ಹುಡುಕುವುದಿಲ್ಲ. ಒಳಗಿಂದ ಪಟಪಟ ಬಡಿಯುವ ಸಪ್ಪಳ ಬಂದರೆ ಬಿಸಿ ರೊಟ್ಟಿ. ಬರದಿದ್ದರೆ ನಿನ್ನೆಯ, ಒಣಗಿ ಗಟ್ಟಿಯಾದ ಕಟಕ್ ರೊಟ್ಟಿ. ಮಿಶನ್ ಬೆಕ್ಕಿನಂತೆ ಸುಮ್ಮನೆ ಕೂತು ರೊಟ್ಟಿ ಹೆರುತ್ತಿತ್ತು.

ಮಾರುವವನು ಸೋಲಲಿಲ್ಲ. "ಸಪ್ಪಳ ಬೇಕಂದ್ರ ಸಪ್ಪಳ ಕೊಡೂಣ್ರಿ," ಎಂದು ಒಳಗೆ ಹೋಗಿ, ಹೆಣ್ಣುಮಕ್ಕಳಿಂದ ನಾಲ್ಕು ರೊಟ್ಟಿ ಬಡಿಯಿಸಿ, ಆ ಸಪ್ಪಳವನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಬಂದ. ಸ್ಪೀಕರಿಗೆ ಹಚ್ಚಿ ಬಾಗಿಲಲ್ಲಿಟ್ಟ. ಖರೇ ಹೇಳುತ್ತೇನೆ, ಜನ ಬರತೊಡಗಿದರು! ಸಾವಕಾರರು ಮೀಸೆಯ ಮೇಲೆ ಕೈಯಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಬೆವರು ಸುರಿಸಿದವರು ಮೂಲೆಯಲ್ಲಿ ಕೂತಿದ್ದಾರೆ, ಅವರ ಕೈಯ ಸಪ್ಪಳ ಬಾಗಿಲಲ್ಲಿ ದುಡಿಯುತ್ತಿದೆ!

ಆದರೆ ಹಿಡಿದುಕೊಳ್ಳುವಾಗ ನಮ್ಮ ಹಿರಿಯಳು ಬಾಯಿ ಮುಚ್ಚಿಕೊಂಡಿರಲಿಲ್ಲ. ಆ ಸ್ಪೀಕರು ಸುತ್ತಿ ಸುತ್ತಿ, ಇಡೀ ಓಣಿಗೆ ಕೇಳುವಂತೆ, ಸಾವಕಾರರ ಕಾಲ ಬುಡದಲ್ಲೇ ಹಾಡಿತು: "ಪಟ ಪಟ ಪಟ ಪಟ... ಈ ಮಿಶನ್ ತಂದಾಂವನ ಕೈ ಸೇದಿ ಹೋಗ್ಲಿ... ಪಟ ಪಟ ಪಟ ಪಟ..."

ಕಾಣದ ಗ್ರಹಣ

ಆ ಅವಮಾನವನ್ನು ಸಾವಕಾರರು ಮರೆಯಲಿಲ್ಲ. ಕಾಯುತ್ತಿದ್ದರು. ಸೂರ್ಯಗ್ರಹಣ ಬಂತು.

ನಾನು ಹಲಗೆಯಲ್ಲಿ ಬರೆದೆ: "ಇವತ್ತಿನ ಸೂರ್ಯಗ್ರಹಣ ನಮ್ಮ ದೇಶದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಊಟ ಎಂದಿನಂತೆ." ಬರೆದು ತಿರುಗಿದರೆ ಸಾವಕಾರರು.

"ಅಡಗಿ ಮಾಡಬ್ಯಾಡ್ರಿ. ಹನ್ನೆರಡರಿಂದ ಮೂರು ಗ್ರಹಣಾ. ಒಬ್ಬಾಂವನೂ ಉಣ್ಣಂಗಿಲ್ಲ."

"ಎಲ್ಲೈತ್ರಿ ಗ್ರಹಣ?"

"ಸಮುದ್ರದ ಆಚಿ ಐತಂತ. ಟೀವ್ಯಾಗ ಹೇಳ್ಯಾರ."

"ಸಮುದ್ರದ ಆಚಿ ಯಾರರೆ ಸತ್ರ ನೀವಿಲ್ಲಿ ಸೂತಕಾ ಹಿಡೀತೀರೇನು?"

"ಬೀಗರಾದ್ರ ಹಿಡೀಬೇಕಾಗ್ತದ," ಎಂದರು. ಅಂಥವರ ಜೊತೆ ಏನು ವಾದ ಮಾಡುವುದು? "ಮಾತು ಬ್ಯಾಡ್ರಿ ಅಕ್ಕಾರ. ಇವತ್ತ ನಿಮ್ಮ ಖಾನಾವಳಿ ತುಂಬಿದ್ರ ಹಲಗಿ ಇರ್ಲಿ, ನಾ ಇನ್ನ ಬಾಯಿ ಬಿಚ್ಚಂಗಿಲ್ಲ. ಖಾಲಿ ಉಳೀತಂದ್ರ ಸಂಜಿಮುಂದ ಮೊಳಿ ಕೀಳ್ತೀನಿ."

"ಕೀಳ್ರಿ," ಎಂದೆ. ದಿನದಷ್ಟೇ ಹಿಟ್ಟು ನಾದಿಸಿದೆ. ಒಂದು ಹಿಡಿ ಹೆಚ್ಚೇ.

ಕಾರಖಾನೆಯ ಮಧ್ಯಾಹ್ನದ ಭೋಂಗಾ ಕೂಗಿತು. ಫೌಂಡ್ರಿಗಳಿಂದ ಜನ ಹೊರಬಿದ್ದರು. ನನ್ನ ಬಾಗಿಲ ಮುಂದೆ ಬಂದಾಗ ಎಲ್ಲರಿಗೂ ಒಮ್ಮೆಲೇ ಎದುರು ದಿಕ್ಕಿನಿಂದ ಯಾರೋ ಕರೆದಂತಾಗುತ್ತಿತ್ತು. ಕುತ್ತಿಗೆ ತಿರುಗಿಸಿಕೊಂಡು ದಾಟಿದರು. ಹೊರಗೆ ಬಿಸಿಲು ಸುಡುತ್ತಿತ್ತು, ಸೂರ್ಯ ತಾಟಿನಂತೆ ದುಂಡಗೆ ಕೂತಿದ್ದ, ಆದರೂ ಒಬ್ಬನಾದರೂ ತಲೆಯೆತ್ತಿ ಅವನನ್ನು ನೋಡಬಾರದೇ! ರೊಟ್ಟಿಯ ಬುಟ್ಟಿ ತುಂಬಿತು. ಬೆಂಚುಗಳು ಖಾಲಿ. ಹೆಣ್ಣುಮಕ್ಕಳು ನನ್ನ ಮುಖ ನೋಡದೆ ಬಡಿಯುತ್ತಿದ್ದರು. ಗೋಡೆಗೆ ಪುಡಿಕೆ ಕಾಗದ ಅಂಟಿಸಿದ ದಿನದಿಂದ ಇಲ್ಲಿಯ ತನಕ ನಾನು ಯಾರ ಮುಂದೆಯೂ ಸೋತದ್ದಿಲ್ಲ. ಈಗ ಸಮುದ್ರದ ಆಚೆಯ ನೆರಳಿಗೆ ಸೋಲುವುದೇ ಎಂದು ಹಲ್ಲು ಕಚ್ಚಿ ಕೂತೆ.

ಆಗ ಹಿತ್ತಲ ಬಾಗಿಲಲ್ಲಿ ಸಣ್ಣಗೆ ಸಪ್ಪಳವಾಯಿತು. ಹಿಂದೆ ಇರುವುದು ನಾವು ಪಾತ್ರೆ ತಿಕ್ಕುವ ಇಕ್ಕಟ್ಟು ಓಣಿ. ತೆರೆದರೆ ಪೀರನವಾಡಿಯ ಲೇಥ್‌ನವನು.

"ಅಕ್ಕಾರ, ಹಳೂಕ. ಒಂದ ಊಟಾ ಕಟ್ಟಿ ಕೊಡ್ರಿ. ನನಗಲ್ರಿ! ನಮ್ಮ ಕೂಡ ಒಬ್ಬಾಂವ ಅದಾನ, ಅವಂಗ ಗ್ರಹಣದಾಗ ಉಂಡ್ರೂ ನಡೀತದ."

ಕಟ್ಟಿಕೊಟ್ಟೆ. ಅವನ ಬೆನ್ನಿಗೇ ವೆಲ್ಡಿಂಗ್‌ನವನು. "ನನಗಲ್ರಿ ಅಕ್ಕಾರ. ಒಬ್ಬಾಂವ ಅದಾನ..." ಅವನ ಹಿಂದೆ ಗೋಡೆಗೆ ಮುಖ ಮಾಡಿ ನಿಂತ ಇನ್ನೊಬ್ಬ. ಅವನ ಹಿಂದೆ ಹೆಲ್ಮೆಟ್ ತೆಗೆಯದ ಮತ್ತೊಬ್ಬ. ಓಣಿಯ ತುದಿಯ ತನಕ ಸಾಲು. ಒಬ್ಬರನ್ನೊಬ್ಬರು ಕಂಡಿಲ್ಲ ಎನ್ನುವಂತೆ ಎಲ್ಲರೂ ಆಕಾಶ ನೋಡುತ್ತಿದ್ದರು. ಆಗ ನೋಡದವರು ಈಗ ನೋಡಿದರು!

"ಆ ಒಬ್ಬಾಂವಂದು ಹೊಟ್ಟಿ ಐತೋ ಕಾಳು ತುಂಬೂ ಹಗೇವು ಐತೋ?" ಎಂದು ಕೂಗಿದೆ. "ಇಡೀ ಉದ್ಯಮಬಾಗದ ಊಟಾ ಅವಂಗ ಹೊಂಟೈತಿ!"

ಸಾಲಿನ ಕೊನೆಯಲ್ಲಿ ಯಾರೋ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ಕೈಯಲ್ಲಿ ಸ್ಟೀಲಿನ ಟಿಫಿನ್ ಡಬ್ಬಿ, ಮುಚ್ಚಳದ ಮೇಲೆ ಗ್ರಹಣ ತಾಗದಂತೆ ಗರಿಕೆ. ಆ ಮೀಸೆ ಟವೆಲ್ಲಿನಲ್ಲಿ ಹಿಡಿಸುವಂಥದಲ್ಲ.

"ಸಾವಕಾರ್ರ," ಎಂದೆ, "ನಿಮಗೂ ಆ ಒಬ್ಬಾಂವ ಗೊತ್ತೇನ್ರಿ?"

"ಮನ್ಯಾಗ ಒಲಿ ಹಚ್ಚಿಲ್ರಿ ಅಕ್ಕಾರ," ಎಂದರು ದನಿ ತಗ್ಗಿಸಿ. "ನನಗ ಸಕ್ಕರಿ ಬ್ಯಾನಿ. ಗುಳಗಿ ತಗೊಂಡೀನಿ. ಕೈ ನಡಗಾಕತ್ತಾವ."

ಅಲ್ಲಿಯ ತನಕ ಹಲಗೆಗಾಗಿ ಇದ್ದ ನನ್ನ ಸಿಟ್ಟು ಬೇರೆಯೇ ಸಿಟ್ಟಾಯಿತು. "ಗುಳಗಿ ನುಂಗಿ ಉಪಾಸ ಕುಂತೀರಿ? ಕಾಣದ ಗ್ರಹಣಕ್ಕ ಅಂಜಿ ಜೀವಾ ಬಿಡ್ತೀರೇನು?" ಎಂದು ರಟ್ಟೆ ಹಿಡಿದು ಎಳೆದು ಒಳಗಿನ ಬೆಂಚಿನ ಮೇಲೆ ಕೂರಿಸಿದೆ. ತಾಟು ಹಾಕಿದೆ. "ಮುಂದಿನ ಬಾಗಲರೆ ಹಾಕ್ರಿ," ಎಂದರು. "ಹಾಕಂಗಿಲ್ಲ. ಉಣ್ರಿ!" ಎಂದೆ. ಬಿಸಿ ರೊಟ್ಟಿ ಮುರಿದು ಎಣ್ಣೆಗಾಯಿಗೆ ಹಚ್ಚಿದರು.

ಸಾವಕಾರರೇ ಉಣ್ಣುತ್ತಿದ್ದಾರೆ ಎಂಬುದು ಓಣಿಗೆ ತಿಳಿದದ್ದೇ ತಡ, ಕಟ್ಟಿಸಿಕೊಂಡವರೂ ಪೊಟ್ಟಣ ಬಿಚ್ಚುತ್ತ ಹಿತ್ತಲಿಂದ ನುಗ್ಗಿದರು. ಕಾಲಿಡಲು ಜಾಗ ಉಳಿಯಲಿಲ್ಲ. ಹೆಲ್ಮೆಟ್‌ನವನು ಹೆಲ್ಮೆಟ್ ಮೇಲೆತ್ತಿ ಮೂರನೆಯ ರೊಟ್ಟಿ ಕೇಳಿದ.

ಸಾವಕಾರರು ಕೈ ತೊಳೆದು, ಸಮಾಧಾನವಾಗಿ ತೇಗಿ, ಹತ್ತಿರ ಬಂದರು.

"ಮಾತು ಅಂದ್ರ ಮಾತು. ಹಲಗಿ ಇರ್ಲಿ. ಆದ್ರ ನಾ ಬಂದದ್ದು, ಇವರು ಬಂದದ್ದು, ಯಾರ ಹೆಸರೂ ಬರೀಬ್ಯಾಡ್ರಿ. ವಿಜ್ಞಾನ ಇದ್ರಷ್ಟ ಬರೀರಿ."

ಮಾತು ಕೊಟ್ಟೆ. ಕೊಟ್ಟ ಮಾತಿಗೆ ತಪ್ಪುವವಳಲ್ಲ ನಾನು. ಮರುದಿನ ಝುಣಕದ ಕೆಳಗೆ ನೆಟ್ಟಗೆ ಗೆರೆ ಎಳೆದು, ಯಾರ ಹೆಸರನ್ನೂ ಎತ್ತದೆ, ಬರೀ ವಿಜ್ಞಾನವನ್ನೇ ಬರೆದೆ:

"ದೇಶದಲ್ಲಿ ಬೇರೆಲ್ಲಿಯೂ ಕಾಣದ ನಿನ್ನೆಯ ಗ್ರಹಣ, ನಮ್ಮ ಖಾನಾವಳಿಯ ಹಿಂದಿನ ಓಣಿಯಲ್ಲಿ ಪೂರ್ತಿ ಕಾಣಿಸಿತು."