ಗುಮ್ಮುವ ತಟ್ಟೆ ಮತ್ತು ನಮ್ಮ ಮಾವ

ಮೂರು ಪ್ಲಾಸ್ಟಿಕ್ ತಟ್ಟೆಗೆ ಸಾವಿರದ ಇನ್ನೂರು ರೂಪಾಯಿ ಕೊಟ್ಟೆ. ಯಾರು? ಹಾಸನದಲ್ಲಿ ಪ್ಲಾಸ್ಟಿಕ್ ಸಾಮಾನಿನ ಅಂಗಡಿ ಇಟ್ಟಿರುವ ನಾನು! ಅಷ್ಟೇ ಅಗಲದ ತಟ್ಟೆ ನನ್ನಲ್ಲಿ ಮೂವತ್ತೈದು ರೂಪಾಯಿ. ಎರಡು ಕೊಂಡರೆ ಅರವತ್ತು. "ನಿಮ್ಮದು ಗಾಳೀಲಿ ನಿಲ್ಲಲ್ಲ ಸಾ," ಅಂದ ಆಟದ ಸಾಮಾನಿನವನು. ಅವನು ಹೇಳಿದ್ದು ಎರಡು ಸಾವಿರ. ಮೂರು ಸಲ ಅಂಗಡಿ ಮೆಟ್ಟಿಲು ಇಳಿದು ಹತ್ತಿ ಎಂಟುನೂರು ಇಳಿಸಿದೆ.

ಇಷ್ಟಕ್ಕೂ ಕಾರಣ ನನ್ನ ಸೋದರಮಾವ. ದೇವರೇ ಪ್ರತ್ಯಕ್ಷನಾಗಿ ವರ ಕೇಳು ಅಂದರೂ "ಮೊದ್ಲು ಬಾಯಿ ತಗೀಯಪ್ಪ, ಹಲ್ಲು ನೋಡ್ಬೇಕು" ಅನ್ನುವ ಆಸಾಮಿ! ಅರಕಲಗೂಡಿನ ಕಡೆಯವನು. ಹೊಳೆನರಸೀಪುರ, ಚನ್ನರಾಯಪಟ್ಟಣದ ಸಂತೆಗಳಲ್ಲಿ ದನದ ದಲ್ಲಾಳಿಯಾಗಿ ತಲೆ ನರೆಸಿಕೊಂಡವನು. ಹಲ್ಲು, ಸುಳಿ, ಗೊರಸು ನೋಡದೆ ಏನನ್ನೂ ನಂಬಿದವನಲ್ಲ. ನನಗೆ ಹೆಣ್ಣು ನೋಡಲು ಹೋದಾಗ ಇವನೊಬ್ಬನನ್ನು ಊರಲ್ಲೇ ಬಿಟ್ಟು ಹೋಗಿದ್ದೆವು. ಯಾಕೆಂದು ಬಿಡಿಸಿ ಹೇಳಬೇಕೆ?

ಹೋದ ವರ್ಷ ಅವನಿಗೆ ಲಕ್ವ ಹೊಡೆಯಿತು. ನಮ್ಮ ಮನೆಗೇ ಕರೆತಂದೆ. ಕಾಲು ಬೇಗ ವಾಪಸು ಬಂತು. ಮಾತು ಮೊದಲಿಗಿಂತ ಸ್ವಲ್ಪ ಜಾಸ್ತಿಯೇ ಬಂತು. ಬಾರದೆ ಉಳಿದದ್ದು ಬಲಗೈ ಬೆರಳುಗಳು. ಕಾಫಿ ಲೋಟ ಕೊಟ್ಟರೆ ಜಾರಿ ಬೀಳುತ್ತಿತ್ತು. "ಬೆರಳಿಗೆ ಕೆಲಸ ಕೊಡದಿದ್ದರೆ ಹೀಗೇ ಮರಗಟ್ಟಿ ಹೋಗುತ್ತವೆ," ಎಂದು ಡಾಕ್ಟರು ಹಿಚುಕಲು ಒಂದು ರಬ್ಬರ್ ಚೆಂಡು ಕೊಟ್ಟರು. ಮಾವ ಅದನ್ನು ಬೀದಿ ನಾಯಿಗೆ ದಾನ ಮಾಡಿದ. "ನಾನೇನ್ಲಾ ಹಾಲು ಕುಡಿಯೋ ಕೂಸಾ?"

ಆಗ ನನ್ನ ಕಣ್ಣಿಗೆ ಬಿದ್ದದ್ದು ನಮ್ಮ ಬಡಾವಣೆಯ ಪಾರ್ಕಿಗೆ ಬಂದ ಹೊಸ ಆಟ, ಡಿಸ್ಕ್ ಗಾಲ್ಫ್. ಒಂಬತ್ತು ಕಂಬ, ಕಂಬಕ್ಕೊಂದು ಕಬ್ಬಿಣದ ಬುಟ್ಟಿ, ಅದರ ಮೇಲೆ ಇಳಿಬಿದ್ದ ಸರಪಳಿಗಳು. ದೂರದಿಂದ ತಟ್ಟೆ ಎಸೆದು, ಬಿದ್ದಲ್ಲಿಂದ ಮತ್ತೆ ಎಸೆದು, ಬುಟ್ಟಿಗೆ ಬೀಳಿಸಬೇಕು. ಕಡಿಮೆ ಎಸೆತದಲ್ಲಿ ಮುಗಿಸಿದವನು ಗೆದ್ದ. ಹೊಸಬರಿಗೆಂದೇ ಮಾಡಿದ್ದು, ಮೊದಲ ಬುಟ್ಟಿ ಎಷ್ಟು ಹತ್ತಿರವೆಂದರೆ ಜೋರಾಗಿ ಸೀನಿದರೂ ಸರಪಳಿ ಅಲ್ಲಾಡುತ್ತದೆ!

ಮೊದಲ ದಿನ ಮಾವ ಮೂರೂ ತಟ್ಟೆಗಳನ್ನು ಹುಲ್ಲಿನ ಮೇಲೆ ಸಾಲಾಗಿ ನಿಲ್ಲಿಸಿ ಒಂದು ಸುತ್ತು ಹಾಕಿದ. ನೀಲಿಯದು ಸಾಧು, ಹಳದಿಯದು ಸೋಮಾರಿ. ಕೆಂಪು ತಟ್ಟೆಯ ಅಂಚು ಸವರಿ ಮುಖ ಸಿಂಡರಿಸಿದ. "ಇದು ಗುಮ್ಮೋ ಜಾತಿ ಕಣ್ಲಾ ಅಳಿಯ. ವಾಪಸ್ ಕೊಟ್ಬುಡು."

"ಮಾವ, ಇದು ಎತ್ತಲ್ಲ, ತಟ್ಟೆ!"

"ಆಗ್ಲಿ, ಗುಣ ಗುಣವೇ," ಎಂದು ಎಡಗೈಯಲ್ಲಿ ಬೀಸಿದ. ಅದು ಅರ್ಧದಾರಿ ಹೋಗಿ, ಗಾಳಿಗೆ ತಿರುಗಿ, ನೇರ ಬಂದು ನನ್ನ ಮೊಣಕಾಲಿಗೆ ಬಡಿಯಿತು.

"ನಾ ಯೋಳ್ಲಿಲ್ವಾ?"

ಆ ದಿನ ಒಂಬತ್ತು ಬುಟ್ಟಿ ಮುಗಿಸುವಷ್ಟರಲ್ಲಿ ನನ್ನದು ನಲವತ್ತೊಂದು ಎಸೆತ, ಅವನದು ಎಪ್ಪತ್ತನಾಲ್ಕು. ಮನೆಗೆ ಬಂದವನೇ ನನ್ನ ಹೆಂಡತಿಗೆ ಪಾಯಸ ಮಾಡಲು ಹೇಳಿದ. "ನಿನ್ ಗಂಡ ನಲವತ್ತೊಂದಕ್ಕೇ ಸುಸ್ತಾಗೋದ ಕಣವ್ವ! ನಂದು ಎಪ್ಪತ್ನಾಕು!"

ಪಾಯಸ ಮುಗಿದ ಮೇಲಷ್ಟೇ, ಕಡಿಮೆ ಬಂದವನೇ ಗೆದ್ದವನು ಎಂದು ತಿಳಿಸಿದೆ. ಮಾವ ಖಾಲಿ ಲೋಟ ಕುಕ್ಕಿದ. "ಕಮ್ಮಿ ಬಂದೋನು ಗೆಲ್ಲೋದು ಯಾವ ಸಂತೇಲೈತ್ಲಾ?"

ಅಷ್ಟು ಹೊತ್ತಿಗೆ ನನ್ನ ವ್ಯಾಪಾರದ ಬುದ್ಧಿ ಎಚ್ಚರವಾಗಿತ್ತು. "ಇನ್ನೊಂದು ಮಾತು ಮಾವ. ಎಡಗೈಲಿ ಎಸೆದ್ರೆ ಒಂದಕ್ಕೆ ಎರಡು ಲೆಕ್ಕ."

"ಹಗಲು ದರೋಡೆ!"

"ಬಲಗೈಲಿ ಎಸಿ, ಒಂದಕ್ಕೆ ಒಂದೇ."

ಮಾರನೆಯ ದಿನದಿಂದ ಬಲಗೈ ಶುರುವಾಯಿತು. ಎಡಗೈಯಿಂದ ತಟ್ಟೆಯನ್ನು ಬಲಗೈಗೆ ತುರುಕಿ ಬೀಸುತ್ತಿದ್ದ. ಎಷ್ಟು ವಾರ ಅದು ಅವನ ಪಾದದ ಮೇಲೇ ಬಿತ್ತು! ವಾಕಿಂಗ್ ಬರುವ ನಿವೃತ್ತ ಸ್ಕೂಲ್ ಮೇಡಂ ಒಬ್ಬರು ಮರುಕದಿಂದ, "ಯಾಕೆ ಯಜಮಾನ್ರೇ ಈ ಕಷ್ಟ? ಮನೇಲಿ ಆರಾಮಾಗಿರಬಾರ್ದಾ?" ಅಂದರು. "ಅಳಿಯನ್ನ ಸೋಲಿಸ್ದೆ ಆರಾಮ ಎಲ್ಬತ್ತದೆ ತಾಯಿ?" ಅಂದ ಮಾವ. ಮನೆಗೆ ಬಂದರೆ ಲೋಟ ಜಾರುವುದು ಮಾತ್ರ ನಿಂತಿರಲಿಲ್ಲ. ಹೆಂಡತಿಯೂ ನಾನೂ ಮುಖ ಮುಖ ನೋಡಿಕೊಂಡು ನೆಲ ಒರೆಸುತ್ತಿದ್ದೆವು.

ಹೋದ ಭಾನುವಾರ ಕೊನೆಯ ಬುಟ್ಟಿಗೆ ಮಾವ ಐದು ಎಸೆತ ತೆಗೆದುಕೊಂಡ. ನಾನೇ ಎಣಿಸಿದ್ದೇನೆ. ಅವನ ಪ್ರಕಾರ ಮೂರು! "ಎರಡು ಸಲ ಕೈ ಜಾರಿದ್ದು. ಜಾರಿದ್ದು ಎಸೆದಂಗಾಯ್ತದಾ?" ನಾನು ಐದರಿಂದ ಇಳಿಯಲಿಲ್ಲ. ಮಾವ ಆಚೀಚೆ ನೋಡಿ, ಹೆಗಲ ಟವೆಲ್ ತೆಗೆದು ನನ್ನ ಕೈ ಮೇಲೆ ಹೊದಿಸಿದ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ ಮರೆಯಲ್ಲಿ ಎಷ್ಟು ಬೆರಳು ಹಿಡಿದರೆ ಅಷ್ಟು. ಒಳಗೆ ನನ್ನ ಮೂರು ಬೆರಳು ಹಿಡಿದ. ನಾನು ಅವನ ಇಡೀ ಅಂಗೈ ಹಿಡಿದು ಐದು ಅಂದೆ. ಅವನು ಕೊಡವಿ ಮತ್ತೆ ಮೂರು ಬೆರಳು ಹಿಡಿದ, ಇನ್ನೂ ಬಿಗಿಯಾಗಿ.

ಆಗ ಹೊಳೆಯಿತು. ನನ್ನ ಬೆರಳು ಹಿಡಿದಿದ್ದದ್ದು ಅವನ ಬಲಗೈ.

ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಒಂದೊಂದೂ ಒತ್ತುತ್ತಿತ್ತು. ಮಾವನಿಗೆ ಅದರ ಪರಿವೆಯೇ ಇಲ್ಲ. "ಏನ್ಲಾ, ಒಪ್ಗೆನಾ?" ಅಂತ ಗದರುತ್ತಿದ್ದಾನೆ. ಹುಟ್ಟಿದಾಗಿನಿಂದ ಒಂದು ರೂಪಾಯಿಯನ್ನೂ ಸುಮ್ಮನೆ ಬಿಟ್ಟುಕೊಡದ ನಾನು, "ಒಪ್ಗೆ ಮಾವ, ಮೂರೇ," ಅಂದೆ.

ನೀವೂ ಈ ಆಟಕ್ಕೆ ಹೋಗುವವರಾದರೆ ಕೇಳಿ. ಬಿಸಿಲೇರುವ ಮೊದಲೇ ಹೋಗಿ. ಮೊದಲಿಗೆ ಒಂದೇ ತಟ್ಟೆ ಕೊಳ್ಳಿ, ಮೂರು ಬೇಡ. ಹೇಳಿದ ಬೆಲೆಗಂತೂ ಬೇಡವೇ ಬೇಡ. ಎಸೆಯುವವನ ಮುಂದೆ ನಿಲ್ಲಬೇಡಿ, ಪಕ್ಕದಲ್ಲೂ ನಿಲ್ಲಬೇಡಿ. ಜೊತೆಗೆ ಬಂದ ಹಿರಿಯರು ಲೆಕ್ಕದಲ್ಲಿ ಮೋಸ ಮಾಡಿದರೆ, ನನ್ನಂತೆ ಅವಸರಪಟ್ಟು ಒಪ್ಪಿಬಿಡಬೇಡಿ. ಇನ್ನಷ್ಟು ಹೊತ್ತು ಚೌಕಾಸಿ ಮಾಡಿ. ವ್ಯಾಪಾರ ಕುದುರುವವರೆಗೂ ಅವರು ನಿಮ್ಮ ಕೈ ಬಿಡುವುದಿಲ್ಲ.