ಗಜಕ್ಕೊಂದು ಗಿರಾ ಮೋಟಾರು

ಮನುಷ್ಯನಿಗೆ ಒಂದು ಹುಚ್ಚು ಹತ್ತಿದರೆ ಸಾಕು, ಊರಿನವರಿಗೆಲ್ಲ ಕೆಲಸ ಸಿಗುತ್ತದೆ. ನನಗೆ ಹತ್ತಿದ್ದು ಮೋಟಾರಿನ ಹುಚ್ಚು. ಹತ್ತಿ ಕೂಡುವುದಲ್ಲ, ನಡೆಸುವುದೂ ಅಲ್ಲ. ಕಣ್ಣಿಗೆ ಬಿದ್ದ ಮೋಟಾರನ್ನು ಅಳೆದು, ಥೇಟ್ ಅದರಂಥದೇ ಚಿಕ್ಕದೊಂದನ್ನು ಮಾಡಿ ಗೂಡಿನಲ್ಲಿ ಇಡುವುದು. ಇದರಿಂದ ಯಾರಿಗೆ ಏನು ತೊಂದರೆ ಎಂದು ನಾನು ತಿಳಿದಿದ್ದೆ. ಆದರೆ ಒಂದು ಫಜೀತಿ ಮುಗಿಯಿತಪ್ಪ ಎಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬಂದು ಬಾಗಿಲಲ್ಲಿ ನಿಂತಿರುತ್ತಿತ್ತು.

ಆಗ ನಿಜಾಮರ ಕಾಲ. ನಾರಾಯಣಖೇಡದ ಬಜಾರಿನಲ್ಲಿ ನಮ್ಮದು ಬಟ್ಟೆ ಅಂಗಡಿ. ಗಾದಿಯ ಮೇಲೆ ಕೂಡುವವರು ನಮ್ಮ ಕಾಕಾ, ಅಪ್ಪನ ತಮ್ಮ. ಬಟ್ಟೆ ಅಳೆದು ಹರಿದುಕೊಡುವವನು ನಾನು. ಬಟ್ಟೆಯವರ ಲೆಕ್ಕದಲ್ಲಿ ಒಂದು ಗಜಕ್ಕೆ ಹದಿನಾರು ಗಿರಾ. ದೊಡ್ಡ ಮೋಟಾರು ಒಂದು ಗಜ ಇದ್ದ ಕಡೆ ನನ್ನದು ಒಂದು ಗಿರಾ ಇರಬೇಕು. ಈ ಲೆಕ್ಕ ಕೂದಲಷ್ಟು ತಪ್ಪಿದರೂ ನನಗೆ ಊಟ ಸೇರುತ್ತಿರಲಿಲ್ಲ. ಒಳಗೆ ಸಾಗುವಾನಿ ತುಂಡು, ಮೇಲೆ ಚಿಮಣಿ ಎಣ್ಣೆ ಡಬ್ಬಿಯ ತಗಡು, ಗಾಲಿಗೆ ಹಳೆ ಚಪ್ಪಲಿಯ ತೊಗಲು, ಕಿಟಕಿಗೆ ಅಭ್ರಕ. ಮೋಟಾರುಗಳು ಹೆಚ್ಚಿದ ಹಾಗೆಲ್ಲ ಅಂಗಡಿಯ ಗೂಡಿನಲ್ಲಿದ್ದ ಧೋತರದ ಗಂಟುಗಳು ಒಂದೊಂದಾಗಿ ನೆಲಕ್ಕಿಳಿದವು. ಇವನ್ನೆಲ್ಲ ಒಂದು ದಿನ ಕಲಾಯಿಯವನ ಬುಟ್ಟಿಗೆ ಸುರಿಯುತ್ತೇನೆ ಎಂದು ಕಾಕಾ ದಿನಾ ಬೆಳಿಗ್ಗೆ ಊದುಬತ್ತಿ ಹಚ್ಚುವಾಗ ಹೇಳುತ್ತಿದ್ದರು. ನನ್ನ ಜೀವನದ ದೊಡ್ಡ ಹೆದರಿಕೆ ಅದೊಂದೇ ಆಗಿತ್ತು.

ಜಹೀರಾಬಾದಿನ ಅರ್ಧ ಮೋಟಾರು

ರೈಲಿನಲ್ಲಿ ಬಂದ ಬಟ್ಟೆಯ ಗಂಟು ಬಿಡಿಸಿಕೊಳ್ಳಲು ಜಹೀರಾಬಾದಿಗೆ ಹೋಗಿದ್ದೆ. ಸ್ಟೇಷನ್ ಹೊರಗೆ ಕಪ್ಪು ಬಣ್ಣದ ಮೋಟಾರೊಂದು ನಿಂತಿತ್ತು. ಅಂಥ ಮೂತಿಯ ಮೋಟಾರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅದರ ಡ್ರೈವರು ಬೇವಿನ ಗಿಡದ ಕೆಳಗೆ ಟೊಪ್ಪಿಗೆ ಮುಖಕ್ಕೆ ಮುಚ್ಚಿಕೊಂಡು ಮಲಗಿದ್ದ. ಪಾಪ, ನಿದ್ದೆ ಯಾಕೆ ಕೆಡಿಸಬೇಕು ಎಂದು ಬಗಲಲ್ಲಿದ್ದ ಗಜದ ಕೋಲು ತೆಗೆದು ನನ್ನ ಪಾಡಿಗೆ ನಾನು ಮುಂದಿನಿಂದ ಅಳೆಯತೊಡಗಿದೆ.

ಆ ಕಾಲದಲ್ಲಿ ಇನ್ನೊಬ್ಬರ ಸಾಮಾನನ್ನು ಹೇಳದೆ ಕೇಳದೆ ಅಳೆಯುವವರು ಯಾರು? ಜಪ್ತಿಗೆ ಬಂದ ಅದಾಲತ್ತಿನ ಅಮೀನರು. ನಾನೋ, ಪರ ಊರಿಗೆ ಹೋಗುವುದೆಂದು ಕಪ್ಪು ಕೋಟು, ಕಪ್ಪು ಟೊಪ್ಪಿಗೆ ಹಾಕಿಕೊಂಡು ಥೇಟ್ ಅಮೀನನ ವೇಷದಲ್ಲೇ ಇದ್ದೆ. ಟಾಂಗಾದವನೊಬ್ಬ ಏನು ನಡೆದಿದೆ ಎಂದು ಕೇಳಿದ. ಅಳತೆ ತಗೊಳ್ಳುತ್ತಿದ್ದೇನೆ ಎಂದೆ. ಅವನು ಪಾನಪಟ್ಟಿಯವನಿಗೆ ಹೇಳಿದ, ಪಾನಪಟ್ಟಿಯವನು ಓಡಿಹೋಗಿ ಡ್ರೈವರನನ್ನು ಅಲುಗಾಡಿಸಿ ಎಬ್ಬಿಸಿದ. ಡ್ರೈವರು ಮೋಟಾರಿನ ಒಡೆಯ ಸಾಹುಕಾರನ ಉಪ್ಪು ತಿಂದ ಮನುಷ್ಯ. ಎದ್ದವನೇ ಹ್ಯಾಂಡಲ್ ತಿರುವಿ, ಹಾರಿ ಕೂತು, ಧೂಳೆಬ್ಬಿಸಿಕೊಂಡು ಬೀದರದ ದಾರಿ ಹಿಡಿದು ಹೊರಟೇಬಿಟ್ಟ. ನಾನು ಗಜ ಎತ್ತಿಕೊಂಡು ಬೆನ್ನು ಹತ್ತಿದೆ.

“ನಿಂದ್ರಣ್ಣಾ, ಹಿಂದಿಂದು ಇನ್ನೂ ಉಳದದ” ಎಂದು ಕೂಗಿದೆ. ಅದನ್ನು ಕೇಳಿ ಅವನು ಇನ್ನಷ್ಟು ಜೋರು ಮಾಡಿದ.

ರೈಲು ಬಂತು. ಸಾಹುಕಾರರು ಇಳಿದು ನೋಡುತ್ತಾರೆ, ಮೋಟಾರಿಲ್ಲ. ನೆರೆದ ಜನವೆಲ್ಲ, ಗಾಬರಿಯಾಗಬೇಡಿರಿ, ನಿಮ್ಮ ಮೋಟಾರು ಜಪ್ತಿಯಿಂದ ಪಾರಾಯಿತು ಎಂದು ಅವರಿಗೆ ಧೈರ್ಯ ಹೇಳಿದರು. ನನ್ನ ಮೇಲೆ ಯಾವ ದಾವೆಯೂ ಇಲ್ಲವಲ್ಲ ಎಂದು ಸಾಹುಕಾರರು ಹಣೆ ಒರೆಸಿಕೊಂಡರು. ನಾನು ಕೋಟು ಬಿಚ್ಚಿ ಬಗಲಲ್ಲಿಟ್ಟುಕೊಂಡು, ಬಟ್ಟೆ ಗಂಟಿನ ಹಿಂದೆ ಕೂತು, ಯಾರೂ ನನ್ನ ಕಡೆ ಬೆರಳು ತೋರಿಸದಿದ್ದಕ್ಕೆ ಬಸವಣ್ಣನಿಗೆ ಕೈಮುಗಿದೆ. ಮೋಟಾರು ಮಾರನೆಯ ದಿನ ಕಬ್ಬಿನ ಹೊಲವೊಂದರಲ್ಲಿ ಸುರಕ್ಷಿತವಾಗಿ ಸಿಕ್ಕಿತಂತೆ.

ಅಳತೆ ಇದ್ದಷ್ಟನ್ನೇ ಮಾಡಿದೆ. ಗೂಡಿನಲ್ಲಿದ್ದ ಆ ಅರ್ಧ ಮೋಟಾರು ನೋಡಿ, ಹಿಂದಿನ ಭಾಗ ಎಲ್ಲಿ ಎಂದು ಗಿರಾಕಿಗಳು ಕೇಳುತ್ತಿದ್ದರು. ನಾನು ಬಾಯಿ ತೆಗೆಯುವ ಮೊದಲೇ ಕಾಕಾ ಹೇಳುತ್ತಿದ್ದರು: “ಅದು ಬೀದರ ಕಡಿ ಹೋಗ್ಯಾದ.”

ಹಿಂದಿನ ಕೆಂಪು ದೀಪ

ಮೋಟಾರಿನ ಹಿಂದಿನ ದೀಪಕ್ಕೆ ಕೆಂಪು ಗಾಜು ಬೇಕು. ಕೆಂಪು ಗಾಜು ಎಂದರೆ ಬಳೆಯ ಚೂರು. ಆದರೆ ಕಟ್ಟಿಕೊಂಡ ಹೆಂಡತಿಗೆ ಒಂದು ಬಳೆ ಒಡೆದುಕೊಡು ಎಂದು ಯಾವ ಬಾಯಿಂದ ಕೇಳುವುದು? ನಮ್ಮ ಕಡೆ ಬಳೆ ಒಡೆಯಿತು ಅಂತ ಸಹ ಅನ್ನುವುದಿಲ್ಲ, ಹೆಚ್ಚಿತು ಅನ್ನುತ್ತಾರೆ. ಹೀಗಾಗಿ ಬಳೆಗಾರ ಮನೆಗೆ ಬಂದ ದಿನ ನಾನು ಅಂಗಡಿ ಬಿಟ್ಟು ಬಂದು ಅವನ ಮಗ್ಗುಲಲ್ಲೇ ಕೂತೆ. ಗಂಡ ಪಕ್ಕದಲ್ಲಿ ಕೂತು ಬಳೆ ಇಡಿಸುತ್ತಾನೆಂದು ನಮ್ಮಾಕೆಗೆ ಒಳಗೊಳಗೇ ಸಂತೋಷ. ಓಣಿಯ ಹೆಂಗಸರು ಬಾಗಿಲಿಗೆ ಬಂದು ನೋಡಿ ಹೋದರು.

ಬಳೆಗಾರ ಒಳ್ಳೆಯ ಕಸಬುದಾರ. ಹಸಿರು ಬಳೆ ಸಲೀಸಾಗಿ ಏರಿದವು. ಕೆಂಪು ಶುರುವಾದ ಕೂಡಲೇ ನಾನು ಮುಂದೆ ಬಾಗಿದೆ. ಒಂದು ಏರಿತು, ಇನ್ನೊಂದು ಏರಿತು. ನನ್ನ ಮುಖ ಬಾಡುತ್ತ ಹೋಯಿತು. ಕೊನೆಗೆ ಒಂದು ಟಣ್ ಎಂದಿತು. ನಾನು ತಟ್ಟನೆ ಚೂರು ಆರಿಸಿಕೊಂಡು, ಬೆಳಕಿಗೆ ಹಿಡಿದು, ಬಾಯಿತುಂಬ ನಕ್ಕೆ. ನಮ್ಮಾಕೆಯ ಕೈಗೆ ಗೀರು ಬಿದ್ದದ್ದು ಬಳೆಗಾರ ಅರಿಸಿನ ಕೇಳಿದಾಗಲೇ ಗೊತ್ತಾದದ್ದು.

ಬಳೆಗಾರ ನನ್ನನ್ನು, ನಮ್ಮಾಕೆಯನ್ನು, ಮತ್ತೆ ನನ್ನನ್ನು ನೋಡಿದ. “ಬಳಿ ಇಡಸಿ ಇಡಸಿ ನನ್ನ ತಲಿ ಬೆಳ್ಳಗಾತ್ರಿ ತಾಯೀ. ಬಳಿ ಹೆಚ್ಚಿದ್ರ ಮಾರಿ ಸಣ್ಣ ಮಾಡೋ ಗಂಡಂದಿರನ್ನ ಕಂಡೀನಿ. ಹಬ್ಬ ಮಾಡೋರನ್ನ ಇವತ್ತೇ ಕಂಡೆ” ಎಂದ. ಆ ರಾತ್ರಿ ನನ್ನ ತಾಟಿಗೆ ರೊಟ್ಟಿ ಬಂತು, ಪಲ್ಯ ಬರಲಿಲ್ಲ. ಪಲ್ಯ ಎಲ್ಲಿ ಎಂದರೆ, ಮೋಟಾರಿನ ದೀಪ ಹಚ್ಚಿಕೊಂಡು ಹುಡುಕ್ರಿ ಎಂದಳು.

ತಾಂಡೂರಿನ ಕಾಯಿ

ಮಾವನ ಮನೆ ತಾಂಡೂರು. ಮಾವ ಹಾಸುಗಲ್ಲಿನ ವ್ಯಾಪಾರಿ. ತೋಳು ಗಟ್ಟಿ, ಮನಸ್ಸು ಮೆತ್ತಗೆ. ದಸರೆಗೆ ಹೋಗುವಾಗ, ಅಳಿಯ ಬರೀ ಗಜ ಹಿಡಿಯುವವನಲ್ಲ ಎಂದು ಅವರಿಗೆ ತೋರಿಸಬೇಕೆಂದು ಒಂದು ಮೋಟಾರನ್ನು ಧೋತರದಲ್ಲಿ ಸುತ್ತಿ ಒಯ್ದೆ. ತಿಂಗಳುಗಟ್ಟಲೆ ಉಜ್ಜಿ ಉಜ್ಜಿ ಮಾಡಿದ್ದು ಅದು.

ಮಾವನ ಮನೆತನದಲ್ಲಿ ಒಂದು ಪದ್ಧತಿ. ಹೊಸ ಬಂಡಿ ಬಂದರೆ ಅದರ ಗಾಲಿಯ ಕಬ್ಬಿಣದ ಮೇಲೆ ಕಾಯಿ ಒಡೆಯದೆ ಹೊಸ್ತಿಲೊಳಗೆ ಬಿಡುವುದಿಲ್ಲ. ನಾನು ಜಗಲಿಯ ಮೇಲೆ ಮೋಟಾರು ಬಿಚ್ಚಿ ಇಟ್ಟದ್ದೇ ತಡ, ಅವರ ಕಣ್ಣು ತುಂಬಿ ಬಂತು. ಅಳಿಯಂದಿರು ಗಾಡಿ ತಂದಿದ್ದಾರೆ, ಹಾಗೆಯೇ ಒಳಗೆ ಹೇಗೆ ಒಯ್ಯುವುದು ಎಂದು ಆರತಿ ತರಿಸಿದರು, ಮೋಟಾರಿನ ಹಣೆಗೆ ವಿಭೂತಿ ಹಚ್ಚಿದರು. ನಾನು ಉಬ್ಬಿಹೋದೆ. ಸುತ್ತಮುತ್ತ ಎಲ್ಲಿ ನೋಡಿದರೂ ಹಾಸುಗಲ್ಲು. ಕಾಯಿ ಅದರ ಮೇಲೆ ಒಡೆಯುತ್ತಾರೆ ಎಂದೇ ನಾನು ತಿಳಿದದ್ದು. ಮಾವ ಕಾಯಿ ಎತ್ತಿ, ಕಣ್ಣು ಮುಚ್ಚಿ, ಶಿವನಾಮ ಹೇಳಿ, ಗಾಲಿ ತೊಗಲಿನದಾದರೂ ಪದ್ಧತಿ ತಪ್ಪಬಾರದೆಂದು ಮೋಟಾರಿನ ಮೂತಿಯ ಮೇಲೇ ಇಳಿಸಿದರು.

ಕಾಯಿ ಒಡೆಯಲಿಲ್ಲ. ಮೋಟಾರು ಒಡೆಯಿತು.

ನಮ್ಮಾಕೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು; ಅಳುತ್ತಾಳೋ ನಗುತ್ತಾಳೋ ತಿಳಿಯಲಿಲ್ಲ. ನನಗಂತೂ ಅಳು ಬಂದಿತ್ತು. ಮಾವ ನನ್ನ ಹೆಗಲ ಮೇಲೆ ಕೈಯಿಟ್ಟು, ಮನಸಾರೆ ಸಮಾಧಾನ ಹೇಳಿದರು. “ಚಿಂತಿ ಮಾಡಬ್ಯಾಡ್ರಿ ಅಳ್ಯಾರ. ಈ ಗಾಡಿಗಿ ಆಗೋ ಅಪಘಾತ ಎಲ್ಲಾ ಇವತ್ತೇ ಆಗಿ ಹೋತು.”

ನಜರು

ಇನ್ನು ದೊಡ್ಡ ಸಂಗತಿ. ಯುದ್ಧದ ಕಾಲ, ಬಟ್ಟೆಗೆ ಕಂಟ್ರೋಲ್ ಬಂದಿತ್ತು. ಕಂಟ್ರೋಲ್ ಬಟ್ಟೆ ಮಾರಲು ಪರವಾನಗಿ ಬೇಕು. ಅದಕ್ಕೆ ಸಹಿ ಹಾಕುವವರು ಜಿಲ್ಲೆಯ ದೊಡ್ಡ ಅಧಿಕಾರಿ, ತಾಲ್ಲೂಕುದಾರ ಸಾಹೇಬರು. ಅವರು ದೌರಾ ಬಂದಾಗ ನಾರಾಯಣಖೇಡದ ಬಂಗಲೆಯಲ್ಲಿ ಇಳಿಯುತ್ತಿದ್ದರು. ಅವರ ಹಸಿರು ಮೋಟಾರು ನೋಡಿದ ದಿನದಿಂದ ನನಗೆ ನಿದ್ದೆ ಇಲ್ಲ.

ಜಹೀರಾಬಾದಿನಲ್ಲಿ ಬುದ್ಧಿ ಬಂದಿತ್ತು. ಈ ಸಲ ಡ್ರೈವರ್ ಮಿಯಾಗೆ ಪಾನ್ ಕೊಟ್ಟು, ಕೇಳಿಯೇ ಅಳೆದೆ. ಮೋಟಾರಿನ ಎಡ ಮಗ್ಗುಲು ಬಂಗಲೆಯ ಗೋಡೆಗೆ ಅಂಟಿಕೊಂಡಂತೆ ನಿಂತಿತ್ತು. ಹೇಗೋ ನುಸುಳಿ ನೋಡಿದರೆ ಹಿಂದಿನ ಮಡ್ಗಾರ್ಡು ನೆಗ್ಗಿದೆ. ಮಿಯಾ ನನ್ನ ಕೈ ಹಿಡಿದುಕೊಂಡು ಅಲವತ್ತುಕೊಂಡ: ಯಾರು ಮಾಡಿದರೋ, ಬೆಳಿಗ್ಗೆ ಎದ್ದು ನೋಡುವಾಗ ಹೀಗಾಗಿತ್ತು. ಸಾಹೇಬರ ಕಣ್ಣಿಗೆ ಬಿದ್ದರೆ ನನ್ನ ನೌಕರಿ ಹೋಗುತ್ತದೆ. ಅದಕ್ಕೇ ಹೋದಲ್ಲೆಲ್ಲ ಈ ಮಗ್ಗುಲು ಗೋಡೆ ಕಡೆ ಮಾಡಿ ನಿಲ್ಲಿಸುತ್ತೇನೆ ಎಂದ. ನಾನು ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಹೇಳಲಿಲ್ಲ, ನಿಜ. ಆದರೆ ಮೋಟಾರು ಮಾಡುವಾಗ ಆ ನೆಗ್ಗು ಬಿಡಲು ಮನಸ್ಸಾಗಲಿಲ್ಲ. ಇದ್ದದ್ದನ್ನು ಬಿಟ್ಟರೆ ಅದು ಆ ಮೋಟಾರು ಹೇಗಾದೀತು? ಸಣ್ಣ ಸುತ್ತಿಗೆಯಿಂದ ಅಳತೆಗೆ ಸರಿಯಾಗಿ ನೆಗ್ಗಿಸಿದೆ. ನಾನು ಮಾಡಿದ್ದರಲ್ಲೆಲ್ಲ ಅದೇ ಒಳ್ಳೆಯದು. ಕಾಕಾ ನೋಡಿ, ಸಾಹೇಬರ ಮೋಟಾರಿಗೆ ಯಾರಾದರೂ ಸೊಟ್ಟ ಮಾಡುತ್ತಾರೇನು, ಬಡಿದು ಸಾಫು ಮಾಡು ಎಂದು ಬೈದರು. ನಾನು ಹೂಂ ಎಂದು ಹಾಗೇ ಬಿಟ್ಟೆ.

ಮೂರು ತಿಂಗಳ ಮೇಲೆ ಸಾಹೇಬರು ಮತ್ತೆ ಬಂದರು. ವ್ಯಾಪಾರಿಗಳೆಲ್ಲ ನಜರು, ಅಂದರೆ ಕಾಣಿಕೆ, ಒಪ್ಪಿಸುವ ದಿನ. ಎರಡೂ ಅಂಗೈ ಮೇಲೆ ಶುಭ್ರವಾದ ಕರವಸ್ತ್ರ ಹಾಸಿ, ಅದರ ಮೇಲೆ ಬೆಳ್ಳಿ ರೂಪಾಯಿ ಇಟ್ಟು ಬಾಗಿ ನಿಲ್ಲಬೇಕು. ದೊಡ್ಡವರು ಬೆರಳಿನಿಂದ ಮುಟ್ಟಿ ‘ಮಾಫ್’ ಎಂದರೆ ಕೊಟ್ಟದ್ದು ತಿರುಗಿ ನಮ್ಮದೇ, ಎತ್ತಿಕೊಂಡರೆ ಹೋಯಿತು. ಈ ಸಾಹೇಬರಿಗೆ ರೂಪಾಯಿ ಕಂಡರೆ ಸಿಟ್ಟು ಬರುತ್ತದೆ ಎಂದು ಸುದ್ದಿ. ಕಾಕಾ ಗೂಡಿನ ಕಡೆ ನೋಡಿದರು. ನಾನು ಹಸಿರು ಮೋಟಾರಿಗೆ ಅಡ್ಡ ನಿಂತೆ.

“ಮುಟ್ಟಿ ಮಾಫ್ ಅಂತಾರ, ಅಷ್ಟೇ. ಪರವಾನಗಿ ಮುಖ್ಯ ಅದನೋ, ನಿನ್ನ ಗೊಂಬಿ ಮುಖ್ಯ ಅದನೋ?” ಎಂದರು ಕಾಕಾ. ಮನೆ ನಡೆಯುವುದೇ ಅಂಗಡಿಯಿಂದ. ಮೋಟಾರನ್ನು ಒರೆಸಿ ಅವರ ಕೈಗಿಟ್ಟೆ. ಎತ್ತಿಕೊಂಡರೆ ಎಂಬ ಚಿಂತೆಯಲ್ಲಿ ನನಗೆ ಆ ನೆಗ್ಗು ನೆನಪೇ ಬರಲಿಲ್ಲ. ಬಂದದ್ದು ಸಾಹೇಬರ ಎದುರಿಗೆ ಹೋಗಿ ನಿಂತಾಗ.

ಸಾಹೇಬರು ಕುರ್ಚಿಯಲ್ಲಿ ಕೂತಿದ್ದರು. ಅವರ ಹಿಂದೆ ಬಿದಿರಿನ ಪರದೆ, ಪರದೆಯ ಆಚೆ ಬೇಗಂ ಸಾಹೇಬರು. ಬಾಗಿಲ ಬಳಿ ಡ್ರೈವರ್ ಮಿಯಾ ನಿಂತಿದ್ದ. ಕಾಕಾ ಬಾಗಿ ಕರವಸ್ತ್ರ ಚಾಚಿದರು. ಸಾಹೇಬರ ಮುಖ ಅರಳಿತು. ಮುಟ್ಟಲಿಲ್ಲ, ಎರಡೂ ಕೈಯಿಂದ ಎತ್ತಿಕೊಂಡರು. ಮುಗಿಯಿತು, ನನ್ನ ಮೋಟಾರು ಹೋಯಿತು ಎಂದುಕೊಂಡೆ. ಅವರು ಮುಂದೆ ನೋಡಿದರು, ಬಲಕ್ಕೆ ನೋಡಿದರು, ಎಡಕ್ಕೆ ತಿರುಗಿಸಿ ಅಲ್ಲಿಗೇ ನಿಂತರು. ಅವರ ಹೆಬ್ಬೆರಳು ಮೆಲ್ಲಗೆ ಆ ನೆಗ್ಗಿನ ಮೇಲೆ ಹೋಯಿತು. ಮಿಯಾನ ಮುಖದಲ್ಲಿ ರಕ್ತ ಉಳಿಯಲಿಲ್ಲ. ಮೋಟಾರು ಹೋದರೆ ಹೋಗಲಿ, ಇವನ ನೌಕರಿ ಉಳಿಸಪ್ಪಾ ಎಂದು ನಾನು ದೇವರನ್ನು ಬೇಡಿಕೊಂಡೆ.

ಇದನ್ನು ಮಾಡಿದವರು ಯಾರು ಎಂದು ಸಾಹೇಬರು ಉರ್ದುವಿನಲ್ಲಿ ಕೇಳಿದರು. ಕಾಕಾ ನನ್ನನ್ನು ಮುಂದೆ ನೂಕಿದರು. ಸಾಹೇಬರು ಹತ್ತಿರ ಕರೆದರು, ಇನ್ನೂ ಹತ್ತಿರ ಕರೆದರು. ಒಮ್ಮೆ ಪರದೆಯ ಕಡೆ ನೋಡಿ, ನನ್ನ ಕಿವಿಯಲ್ಲಿ ಹೇಳಿದರು: “ಈ ನೆಗ್ಗು ಬಿದ್ದ ರಾತ್ರಿ ಮೋಟಾರು ನಾನೇ ನಡೆಸಿದ್ದೆ. ಬೇಗಂಗೆ ಗೊತ್ತಿಲ್ಲ.”

ಒಳಗಿನಿಂದ, ಏನದು, ಇತ್ತ ಕಳಿಸಿರಿ, ನೋಡುತ್ತೇವೆ ಎಂದು ಬೇಗಂ ಸಾಹೇಬರ ದನಿ ಬಂತು. ಸಾಹೇಬರು ಥಟ್ಟನೆ ಎದ್ದು, ಜೇಬಿನಿಂದ ತಮ್ಮದೇ ಕರವಸ್ತ್ರ ತೆಗೆದು ಮೋಟಾರಿಗೆ ಮುಚ್ಚಿ, ಅದರ ಮೇಲೆ ಬೆರಳಿಟ್ಟು, ಬಂಗಲೆಗೆಲ್ಲ ಕೇಳುವಂತೆ ‘ಮಾಫ್’ ಎಂದರು. ಮರುಕ್ಷಣದಲ್ಲಿ ಪರವಾನಗಿಗೆ ಸಹಿ ಬಿತ್ತು. ನಾವು ಬಾಗಿಲು ದಾಟುವ ತನಕ ಅವರು ಕೂಡಲಿಲ್ಲ.

ಹೊರಗೆ ಬಂದು ಮಿಯಾನ ಕಿವಿಯಲ್ಲಿ ನಿಜ ಹೇಳಿದೆ. ಅವನು ಮೋಟಾರಿಗೆ ಒರಗಿ ನಿಂತು ಕಣ್ಣೀರು ಬರುವ ತನಕ ನಕ್ಕ. ಎಲ್ಲಿ ಹೋದರೂ ಗೋಡೆಗೆ ತಾಗಿಸಿ ನಿಲ್ಲಿಸು ಎಂದು ಸಾಹೇಬರೂ ಅವನಿಗೆ ದಿನಾ ಹೇಳುತ್ತಿದ್ದರಂತೆ.

ನನಗೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಮೋಟಾರು ಕೈಯಲ್ಲಿತ್ತು, ಪರವಾನಗಿ ಕಾಕಾನ ಜೇಬಿನಲ್ಲಿತ್ತು. ಕಾಕಾಗೆ ನಾನು ಏನೂ ಹೇಳಲಿಲ್ಲ. ಹೇಳಿದರೆ ಸಂಜೆಯೊಳಗೆ ಬಜಾರಿಗೆಲ್ಲ ಗೊತ್ತಾಗುತ್ತಿತ್ತು. ಅವರು ದಾರಿಯುದ್ದಕ್ಕೂ ಏನೋ ಯೋಚನೆಯಲ್ಲಿದ್ದರು. ಅಂಗಡಿಗೆ ಬಂದವರೇ ಗೂಡಿನಲ್ಲಿ ಉಳಿದಿದ್ದ ಬಟ್ಟೆ ಗಂಟುಗಳನ್ನೂ ತಾವೇ ಕೆಳಗಿಳಿಸಿ, ಮೋಟಾರುಗಳನ್ನು ಸಾಲಾಗಿ ಇಟ್ಟು, ಹಿಂದೆ ಸರಿದು ನೋಡಿದರು. ಕಲಾಯಿಯವನ ಮಾತು ಇನ್ನು ಬರುವುದಿಲ್ಲ ಎಂದು ನನಗೆ ಜೀವ ಬಂದಂತಾಯಿತು.

ಆಮೇಲೆ ಕಾಕಾ ನನ್ನನ್ನು ಹತ್ತಿರ ಕರೆದು, ದೊಡ್ಡ ಗುಟ್ಟು ಕಂಡುಹಿಡಿದವರ ಹಾಗೆ ಹೇಳಿದರು:

“ಸಾಹೇಬ್ರು ಆ ನೆಗ್ಗು ಎಷ್ಟು ಹೊತ್ತು ನೋಡಿದ್ರು ಕಂಡ್ಯಾ ತಮ್ಮಾ? ದೃಷ್ಟಿ ಆಗಬಾರ್ದಂತ ತಮ್ಮ ಕರವಸ್ತ್ರನೇ ಮುಚ್ಚಿದ್ರು. ಸುತ್ತಿಗಿ ತಗೋ, ಉಳದ ಮೋಟಾರಿಗೂ ಒಂದೊಂದು ಹಂಗೇ ನೆಗ್ಗಸು.”